ಈ ‘ಹ್ಯಾಡ್’ ಇಲ್ಲಿಗೆ ಯಾಕೆ ಬಂತು?

ಬೇರೆಯವರು ಬರೆದ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ಆಫೀಸಿನ ಮೇಲ್, ಕೆಲಸದ ಅರ್ಜಿ, ವರದಿ, ಒಮ್ಮೊಮ್ಮೆ ರಾಜೀನಾಮೆ ಪತ್ರ ಕೂಡ ಬರುತ್ತವೆ. ಸ್ಪೆಲಿಂಗ್ ತಪ್ಪು ಈಗ ಕಡಿಮೆ, ಅದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ‘ಹೀ ಗೋ’, ‘ದೇ ಗೋಸ್’ ಥರದವೂ ಅಪರೂಪ. ಆದರೆ ಒಂದು ತಪ್ಪು ಮಾತ್ರ ಎಷ್ಟು ಸಲ ತಿದ್ದಿದರೂ ಮತ್ತೆ ಬಂದು ಕೂತಿರುತ್ತದೆ. ಚೆನ್ನಾಗಿ ಓದಿದವರು, ಸಲೀಸಾಗಿ ಇಂಗ್ಲಿಷ್ ಮಾತಾಡುವವರು, ಬೆಳಗ್ಗೆಯಿಂದ ಸಂಜೆತನಕ ಮೇಲ್ ಬರೆಯುವವರು, ಯಾರೂ ಇದರಿಂದ ತಪ್ಪಿಸಿಕೊಂಡಿಲ್ಲ. ‘ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್‌ಡೇ.’

ಇದನ್ನು ಓದಿದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ. ಕಳಿಸಿದ್ದೀರಿ, ಸರಿ. ಯಾವುದಕ್ಕಿಂತ ಮೊದಲು?

ಎದುರಿಗಿದ್ದವರು ಕಣ್ಣು ಕಣ್ಣು ಬಿಡುತ್ತಾರೆ. ‘ಯಾವುದಕ್ಕಿಂತ ಮೊದಲೂ ಅಲ್ಲ ಮೇಡಂ, ಸುಮ್ನೆ ನಿನ್ನೆ ಕಳಿಸಿದ್ದೆ, ಅಷ್ಟೇ.’ ಹಾಗಾದರೆ ‘ಐ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಅಂದರೆ ಸಾಕು. ಹ್ಯಾಡ್‌ಗೆ ಅಲ್ಲಿ ಕೆಲಸವೇ ಇಲ್ಲ.

ಇಷ್ಟು ಹೇಳಿದರೆ ಒಪ್ಪುವುದಿಲ್ಲ. ಕೆಲಸ ಮುಗಿದು ಹೋಗಿದೆಯಲ್ಲ, ಅದಕ್ಕೆ ಹ್ಯಾಡ್ ಬೇಡವಾ ಎಂದು ಕೇಳುತ್ತಾರೆ. ಸ್ವಲ್ಪ ಹಳೆಯ ವಿಷಯವಾದರೆ ಹ್ಯಾಡ್ ಹಾಕಬೇಕು ಎಂದುಕೊಂಡವರಿದ್ದಾರೆ. ಹ್ಯಾಡ್ ಹಾಕಿದರೆ ಮಾತಿಗೆ ಗೌರವ ಬರುತ್ತದೆ ಎಂದು ನಂಬಿದವರೂ ಇದ್ದಾರೆ. ಎರಡೂ ನಿಜವಲ್ಲ. ಸಾವಿರ ವರ್ಷದ ಹಿಂದಿನ ಯುದ್ಧಕ್ಕೂ ಸಾದಾ ಭೂತಕಾಲ ಸಾಕು, ಐದು ನಿಮಿಷದ ಹಿಂದಿನ ಫೋನ್ ಕಾಲ್‌ಗೂ ಸಾಕು. ಎಷ್ಟು ಹಿಂದೆ ನಡೆಯಿತು ಎನ್ನುವುದನ್ನು ಹ್ಯಾಡ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಾತಿನಲ್ಲಿ ಆಗಲೇ ಮುಗಿದ ಒಂದು ಘಟನೆ ಬಂದಿರಬೇಕು. ಅದಕ್ಕಿಂತ ಮೊದಲೇ ನಡೆದ ಇನ್ನೊಂದನ್ನು ಹೇಳಬೇಕಾದಾಗ ಹ್ಯಾಡ್ ಬೇಕಾಗುತ್ತದೆ.

ಈ ತಪ್ಪು ನಮಗೇ ಯಾಕೆ ಇಷ್ಟು ಸುಲಭವಾಗಿ ಬರುತ್ತದೆ? ಕಾರಣ ನಮ್ಮ ಕನ್ನಡದಲ್ಲೇ ಇದೆ, ಅದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ. ‘ನಿನ್ನೆ ಡಾಕ್ಟರ್ ಹತ್ರ ಹೋದೆ’ ಎಂದು ಹೇಳಿ ನಿಲ್ಲಿಸಿ ನೋಡಿ. ಕೇಳುವವರು ‘ಹೂಂ, ಆಮೇಲೆ?’ ಅನ್ನುತ್ತಾರೆ. ಮಾತು ಇನ್ನೂ ಇದೆ ಎಂದು ಅವರಿಗೆ ಅನಿಸುತ್ತದೆ. ‘ನಿನ್ನೆ ಡಾಕ್ಟರ್ ಹತ್ರ ಹೋಗಿದ್ದೆ’ ಎಂದರೆ ಹಾಗಾಗುವುದಿಲ್ಲ. ಹೋಗಿ ಬಂದದ್ದಾಯಿತು, ಮಾತು ಅಲ್ಲಿಗೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಇದು ಸರಿಯಾಗಿ ತಿರುವುಮುರುವು. ‘ಐ ವೆಂಟ್’ ಎಂದರೆ ಮಾತು ಮುಗಿಯುತ್ತದೆ. ‘ಐ ಹ್ಯಾಡ್ ಗಾನ್’ ಎಂದರೆ ಕೇಳುವವರು ಕಾಯುತ್ತಾರೆ. ಹೋಗಿದ್ದೆ, ಅಷ್ಟರಲ್ಲಿ ಏನಾಯಿತು? ನೀವು ಏನನ್ನೂ ಹೇಳದೆ ಮುಂದಿನ ವಿಷಯಕ್ಕೆ ಹೋದರೆ, ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಎಂದುಕೊಳ್ಳುತ್ತಾರೆ.

ಅಂದರೆ ‘ಇದ್ದೆ’, ‘ಇತ್ತು’ ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಹ್ಯಾಡ್ ಬರೆಯುತ್ತದೆ. ಕೈಯನ್ನು ಅಲ್ಲೇ ಒಂದು ಕ್ಷಣ ತಡೆಯಬೇಕು.

ಹ್ಯಾಡ್ ನಿಜವಾಗಿ ಬೇಕಾಗುವ ಜಾಗವನ್ನು ಹತ್ತಿರದಿಂದ ನೋಡೋಣ. ಒಬ್ಬ ಹುಡುಗ ತನ್ನ ಮ್ಯಾನೇಜರ್‌ಗೆ ವಿವರಣೆ ಬರೆದಿದ್ದ. ಮೀಟಿಂಗ್‌ಗೆ ತಡವಾಗಿ ಹೋಗಿದ್ದ, ಅದನ್ನು ಒಪ್ಪಿಕೊಳ್ಳುವ ಪತ್ರ. ‘ವೆನ್ ಐ ರೀಚ್ಡ್, ದ ಮೀಟಿಂಗ್ ಸ್ಟಾರ್ಟೆಡ್’ ಎಂದು ಬರೆದಿದ್ದ. ಓದಿದವರಿಗೆ ಏನು ತಿಳಿಯುತ್ತದೆ? ಇವನು ಬಂದ, ಮೀಟಿಂಗ್ ಶುರುವಾಯಿತು. ಇವನಿಗೋಸ್ಕರವೇ ಎಲ್ಲರೂ ಕಾಯುತ್ತಿದ್ದ ಹಾಗೆ! ಅವನು ಹೇಳಬೇಕಿದ್ದದ್ದು ‘ವೆನ್ ಐ ರೀಚ್ಡ್, ದ ಮೀಟಿಂಗ್ ಹ್ಯಾಡ್ ಸ್ಟಾರ್ಟೆಡ್’. ಇವನು ಹೋಗುವಷ್ಟರಲ್ಲಿ ಶುರುವಾಗಿಬಿಟ್ಟಿತ್ತು. ಅದೇ ಪತ್ರದ ಮೊದಲ ಸಾಲಿನಲ್ಲಿ ‘ಐ ಹ್ಯಾಡ್ ಕಮ್ ಲೇಟ್ ಯೆಸ್ಟರ್‌ಡೇ’ ಎಂದೂ ಇತ್ತು. ಬೇಕಾದ ಕಡೆ ಹ್ಯಾಡ್ ಇಲ್ಲ, ಬೇಡವಾದ ಕಡೆ ಇದೆ. ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಿದೆ, ಪತ್ರ ಸರಿಯಾಯಿತು.

ತಿದ್ದುವ ಸಾಫ್ಟ್‌ವೇರ್ ಇಲ್ಲಿ ಜಾಸ್ತಿ ಸಹಾಯ ಮಾಡುವುದಿಲ್ಲ ಎಂಬುದನ್ನೂ ಗಮನಿಸಿ. ‘ದ ಮೀಟಿಂಗ್ ಸ್ಟಾರ್ಟೆಡ್’ ಕೂಡ ಸರಿಯಾದ ವಾಕ್ಯವೇ. ನೀವು ತಡವಾಗಿ ಹೋದಿರೋ, ನಿಮಗಾಗಿ ಕಾದರೋ, ಅದು ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಹ್ಯಾಡ್ ಬರೆದ ಪ್ರತಿ ಸಲ ‘ಯಾವುದಕ್ಕಿಂತ ಮೊದಲು?’ ಎಂದು ಕೇಳಿಕೊಳ್ಳಿ. ಉತ್ತರ ಅದೇ ವಾಕ್ಯದಲ್ಲೋ ಅದರ ಹಿಂದುಮುಂದೋ ಸಿಕ್ಕರೆ ಹ್ಯಾಡ್ ಇರಲಿ. ಸಿಗದಿದ್ದರೆ ಹೊಡೆದು ಹಾಕಿ. ಕೆಲವು ವಿನಾಯಿತಿಗಳಿವೆ, ಹೇಳದಿದ್ದರೆ ಯಾರಾದರೂ ಹಿಡಿದುಕೊಂಡು ಬರುತ್ತಾರೆ. ‘ಇಫ್ ಐ ಹ್ಯಾಡ್ ನೋನ್’ ಎನ್ನುವಾಗಿನ ಹ್ಯಾಡ್ ಬೇರೆಯದೇ, ಅದು ನಡೆಯದೇ ಹೋದದ್ದನ್ನು ಊಹಿಸುವ ಮಾತು. ‘ಐ ಹ್ಯಾಡ್ ಹೋಪ್ಡ್’ ಎಂದರೆ ಆಸೆ ಇಟ್ಟುಕೊಂಡಿದ್ದೆ, ಕೈಗೂಡಲಿಲ್ಲ ಎಂಬ ದನಿ. ‘ಬಿಫೋರ್’, ‘ಆಫ್ಟರ್’ ಇದ್ದರೆ ಯಾವುದು ಮೊದಲು ಎಂದು ಆ ಪದವೇ ಹೇಳಿಬಿಡುತ್ತದೆ, ಹ್ಯಾಡ್ ಹಾಕಿದರೂ ಸರಿ, ಬಿಟ್ಟರೂ ಸರಿ. ಇನ್ನೊಂದು, ಹಳೆಯ ಕಥೆ ಹೇಳುವಾಗ ಮೊದಲ ವಾಕ್ಯದಲ್ಲಿ ಹ್ಯಾಡ್ ಹಾಕಿ ಹಿಂದಕ್ಕೆ ಹೋದಮೇಲೆ, ಉಳಿದದ್ದನ್ನು ಸಾದಾ ಭೂತಕಾಲದಲ್ಲೇ ಹೇಳಬಹುದು. ಪ್ಯಾರಾ ತುಂಬ ಹ್ಯಾಡ್ ಹ್ಯಾಡ್ ಹ್ಯಾಡ್ ಎಂದು ಹಾಕಿಕೊಂಡು ಹೋಗುವುದು ಓದುವವರಿಗೆ ಹಿಂಸೆ. ಪರೀಕ್ಷೆ ಬರೆಯುವವರು ಮಾತ್ರ ತಮ್ಮ ಪಠ್ಯದಲ್ಲಿ ಹೇಗಿದೆಯೋ ಹಾಗೇ ಬರೆಯಲಿ. ಅಂಕ ಕೊಡುವವಳು ನಾನಲ್ಲ.

ಹ್ಯಾಡ್‌ನ ತಮ್ಮ ‘ಹ್ಯಾವ್’ ಕೂಡ ಕಡಿಮೆಯವನಲ್ಲ. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂದು ಬರೆಯುತ್ತಾರೆ. ಹ್ಯಾವ್ ಯಾವಾಗಲೂ ಈಗಿನ ಹೊತ್ತಿಗೆ ಅಂಟಿಕೊಂಡಿರುವ ಪದ. ಹಳೆಯ ಇಂಗ್ಲಿಷ್‌ನಲ್ಲಿ ‘ಇದು ಬರೆದಾಗಿ ನನ್ನ ಹತ್ತಿರ ಇದೆ’ ಎಂಬಂಥ ಅರ್ಥದಿಂದಲೇ ಈ ರೂಪ ಬೆಳೆದು ಬಂತು. ಹಾಗಾಗಿ ಯೆಸ್ಟರ್‌ಡೇ, ಲಾಸ್ಟ್ ವೀಕ್, ಅಗೋ, 2019 ಎಂಬಂಥ ಮುಗಿದ ಹೊತ್ತು ಇವತ್ತಿನ ಇಂಗ್ಲಿಷ್‌ನಲ್ಲಿ ಅದರ ಪಕ್ಕ ಕೂರುವುದಿಲ್ಲ. ಇದು ನಮ್ಮೊಬ್ಬರ ಕಷ್ಟ ಅಲ್ಲ. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇಂಥದ್ದೇ ರೂಪದ ಜೊತೆ ‘ನಿನ್ನೆ’ ಆರಾಮಾಗಿ ಕೂರುತ್ತದೆ, ಅದಕ್ಕೇ ಅವರೂ ಇಂಗ್ಲಿಷ್‌ನಲ್ಲಿ ಇದೇ ತಪ್ಪು ಮಾಡುತ್ತಾರೆ. ‘ದಿಸ್ ಮಾರ್ನಿಂಗ್’ ಮಾತ್ರ ಗಡಿಯಾರ ನೋಡಿ ಬರೆಯಬೇಕಾದದ್ದು. ಬೆಳಗ್ಗೆ ಹನ್ನೊಂದಕ್ಕೆ ಬರೆಯುತ್ತಿದ್ದರೆ ‘ಐ ಹ್ಯಾವ್ ಸ್ಪೋಕನ್ ಟು ಹಿಮ್ ದಿಸ್ ಮಾರ್ನಿಂಗ್’ ಸರಿ. ಸಂಜೆ ಬರೆಯುತ್ತಿದ್ದರೆ ‘ಐ ಸ್ಪೋಕ್’. ಅಮೆರಿಕದವರು ‘ಐ ಜಸ್ಟ್ ಸೆಂಟ್ ಇಟ್’ ಅನ್ನುವ ಕಡೆ ಬ್ರಿಟನ್ನಿನವರು ‘ಐ ಹ್ಯಾವ್ ಜಸ್ಟ್ ಸೆಂಟ್ ಇಟ್’ ಅನ್ನುವುದು ಹೆಚ್ಚು. ಅಲ್ಲಿ ಯಾರನ್ನೂ ತಿದ್ದಲು ಹೋಗಬೇಡಿ.

ಇದರಿಂದ ನಿಜವಾದ ತೊಂದರೆ ಆಗುವುದು ಕೆಲಸದ ಅರ್ಜಿಯಲ್ಲಿ. ಒಬ್ಬರು ಹಳೆಯ ಕೆಲಸ ಬಿಟ್ಟು ಬಹಳ ದಿನವಾಗಿತ್ತು. ಅರ್ಜಿಯಲ್ಲಿ ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದು ಬರೆದಿದ್ದರು. ಓದಿದವರಿಗೆ ಇವರು ಇನ್ನೂ ಅಲ್ಲೇ ಇದ್ದಾರೆ ಎಂದು ಅನಿಸುತ್ತದೆ. ಸಂದರ್ಶನದಲ್ಲಿ ‘ಅಲ್ಲಿಂದ ಬಿಡಲು ಎಷ್ಟು ದಿನ ನೋಟಿಸ್ ಕೊಡಬೇಕು?’ ಎಂದು ಕೇಳಿದರಂತೆ. ಬಿಟ್ಟಾಗಿದೆ ಎಂದು ಇವರು ಹೇಳಿದಾಗ ಎದುರಿಗಿದ್ದವರ ಮುಖ ಬದಲಾಯಿತಂತೆ. ಸುಳ್ಳು ಬರೆಯುವ ಉದ್ದೇಶ ಪಾಪ ಅವರಿಗೆ ಇರಲಿಲ್ಲ. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದಿದ್ದರೆ ಯಾವ ಗೊಂದಲವೂ ಇರುತ್ತಿರಲಿಲ್ಲ.

ಪ್ರಿಪೊಸಿಷನ್, ಅಂದರೆ ‘ಫಾರ್’, ‘ಇನ್’, ‘ಟು’ ಥರದ ಪುಟ್ಟ ಪದಗಳ ಸಮಸ್ಯೆಯೂ ಇಲ್ಲಿಗೇ ಬಂದು ಸೇರುತ್ತದೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.’ ಇದರಲ್ಲಿ ಎರಡು ತಪ್ಪು ಒಟ್ಟಿಗೆ ಬಂದಿವೆ. ನಾವು ‘ಎರಡು ವರ್ಷದಿಂದ’ ಎನ್ನುತ್ತೇವೆ, ‘2022ರಿಂದ’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’ ನಡೆಯುತ್ತದೆ. ಇಂಗ್ಲಿಷ್ ಅದನ್ನು ಸೀಳುತ್ತದೆ. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗ ಶುರು ಎಂಬುದಕ್ಕೆ ‘ಸಿನ್ಸ್’. ಆಗ ಶುರುವಾದದ್ದು ಈಗಲೂ ನಡೆಯುತ್ತಿದ್ದರೆ ಹ್ಯಾವ್ ಬೇಕೇ ಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’, ಅಥವಾ ‘ಸಿನ್ಸ್ 2022’.

ಆದರೆ ಕನ್ನಡವೇ ಎಲ್ಲ ತಪ್ಪಿಗೂ ಕಾರಣ ಎನ್ನಬೇಡಿ. ಎಷ್ಟೋ ಕಡೆ ಕನ್ನಡದಲ್ಲಿ ಯೋಚಿಸಿದ್ದರೆ ತಪ್ಪೇ ಆಗುತ್ತಿರಲಿಲ್ಲ. ‘ಐ ವಿಲ್ ಸೆಂಡ್ ದ ರಿಪೋರ್ಟ್ ಟಿಲ್ ಫ್ರೈಡೇ’ ಎಂಬುದನ್ನೇ ನೋಡಿ. ಶುಕ್ರವಾರದ ತನಕ ವರದಿ ಕಳಿಸುತ್ತಲೇ ಇರುತ್ತೇನೆ ಎಂದ ಹಾಗಾಯಿತು. ಹೇಳಬೇಕಿದ್ದದ್ದು ಶುಕ್ರವಾರದ ಒಳಗೆ ಎಂದು. ‘ತನಕ’ ಮತ್ತು ‘ಒಳಗೆ’ ಎರಡರ ವ್ಯತ್ಯಾಸ ಚಿಕ್ಕ ಮಗುವಿಗೂ ಗೊತ್ತು. ‘ತನಕ’ ಬಂದರೆ ಟಿಲ್, ‘ಒಳಗೆ’ ಬಂದರೆ ‘ಬೈ’ ಎಂದುಕೊಂಡರೆ ಮುಗಿಯಿತು.

ಇನ್, ಆನ್, ಆ್ಯಟ್ ಬಗ್ಗೆ ಜಾಸ್ತಿ ಹೇಳಲ್ಲ. ತಿಂಗಳು, ವರ್ಷಕ್ಕೆ ಇನ್, ದಿನಕ್ಕೆ ಆನ್, ಗಂಟೆಗೆ ಆ್ಯಟ್, ಇಷ್ಟು ಎಲ್ಲರಿಗೂ ಗೊತ್ತಿದೆ. ‘ಇನ್ ದ ಮಾರ್ನಿಂಗ್’ ಸರಿ, ಆದರೆ ಸೋಮವಾರ ಬೆಳಗ್ಗೆ ಎಂದರೆ ‘ಆನ್ ಮಂಡೇ ಮಾರ್ನಿಂಗ್’. ‘ನೆಕ್ಸ್ಟ್ ಮಂಡೇ’ ಹಿಂದೆ ಏನೂ ಬೇಡ. ವಾರಾಂತ್ಯಕ್ಕೆ ಬ್ರಿಟನ್ನಿನಲ್ಲಿ ಆ್ಯಟ್, ಅಮೆರಿಕದಲ್ಲಿ ಆನ್. ಇದಕ್ಕೆಲ್ಲ ಲಾಜಿಕ್ ಹುಡುಕಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಓದುತ್ತಾ ಓದುತ್ತಾ ರೂಢಿಯಾಗುತ್ತದೆ.

ನನಗೆ ಸಿಟ್ಟು ಬರಿಸುವುದು ಬೇಡದೇ ಇದ್ದರೂ ಸೇರಿಸುವ ಪ್ರಿಪೊಸಿಷನ್. ‘ವಿ ಡಿಸ್ಕಸ್ಡ್ ಅಬೌಟ್ ದ ಬಜೆಟ್.’ ‘ಐ ರಿಕ್ವೆಸ್ಟ್ ಫಾರ್ ಲೀವ್.’ ‘ಹೀ ಆರ್ಡರ್ಡ್ ಫಾರ್ ಎ ಲ್ಯಾಪ್‌ಟಾಪ್.’ ಇವೆಲ್ಲ ಬರುವುದು ಒಂದೇ ದಾರಿಯಿಂದ. ಡಿಸ್ಕಷನ್ ಎಂಬ ನಾಮಪದಕ್ಕೆ ಅಬೌಟ್ ಬೇಕು. ‘ಎ ರಿಕ್ವೆಸ್ಟ್ ಫಾರ್ ಲೀವ್’, ‘ಆ್ಯನ್ ಆರ್ಡರ್ ಫಾರ್ ಎ ಲ್ಯಾಪ್‌ಟಾಪ್’, ‘ಎಂಫಸಿಸ್ ಆನ್’, ‘ಎಂಟ್ರಿ ಇಂಟು’ ಎಲ್ಲ ಸರಿಯೇ. ಅದೇ ಪದ ಕ್ರಿಯಾಪದವಾದಾಗ ನೇರವಾಗಿ ಕರ್ಮವನ್ನು ಹಿಡಿದುಕೊಳ್ಳುತ್ತದೆ, ನಡುವೆ ಇನ್ನೊಬ್ಬರು ಬೇಡ. ‘ಡಿಸ್ಕಸ್ ದ ಬಜೆಟ್’, ‘ರಿಕ್ವೆಸ್ಟ್ ಲೀವ್’, ‘ಎಂಫಸೈಸ್ ದ ಪಾಯಿಂಟ್’, ‘ಎಂಟರ್ ದ ರೂಮ್’. ಎಲ್ಲ ಪದಗಳೂ ಹೀಗೇ ನಡೆಯುತ್ತವೆ ಎಂದು ಬರೆದಿಟ್ಟುಕೊಳ್ಳಬೇಡಿ. ‘ಆನ್ಸರ್ ದ ಮೇಲ್’ ಎನ್ನಬೇಕು, ಆದರೆ ‘ರಿಪ್ಲೈ ಟು ದ ಮೇಲ್’ ಎನ್ನಬೇಕು. ಅನುಮಾನ ಬಂದರೆ ಒಳ್ಳೆಯ ಡಿಕ್ಷನರಿ ತೆಗೆಯಿರಿ. ಅರ್ಥ ಓದಿ ಮುಚ್ಚಿಬಿಡಬೇಡಿ, ಕೆಳಗಿರುವ ಉದಾಹರಣೆ ವಾಕ್ಯ ನೋಡಿ. ಪ್ರಿಪೊಸಿಷನ್ ಇರುವುದು ಅಲ್ಲಿ.

ಪ್ರಿಪೊಸಿಷನ್ ವಾಕ್ಯದ ಕೊನೆಗೆ ಬರಬಾರದಂತೆ, ಹೌದಾ ಎಂದು ಕೇಳುವವರೂ ಇದ್ದಾರೆ. 1672ರಲ್ಲಿ ಕವಿ ಜಾನ್ ಡ್ರೈಡನ್ ಇದರ ಬಗ್ಗೆ ತಕರಾರು ತೆಗೆದಿದ್ದು ನಿಜ. ಆದರೆ ‘ಹೂ ಆರ್ ಯೂ ಟಾಕಿಂಗ್ ಟು?’ ಎಂದು ಇಂಗ್ಲಿಷಿನವರು ಆಗಲೂ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ನಿಮ್ಮ ಸಮಯವನ್ನು ಇದಕ್ಕಿಂತ ಡಿಸ್ಕಸ್ ಅಬೌಟ್ ಮೇಲೆ ಖರ್ಚು ಮಾಡಿ.

ಮೇಲ್‌ನ ಕೊನೆಯ ಸಾಲಿಗೆ ಬರೋಣ. ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಎಂದು ಬರೆಯುತ್ತಾರೆ. ‘ಟು’ ಆದಮೇಲೆ ಕ್ರಿಯಾಪದದ ಮೂಲರೂಪ ಎಂದು ಶಾಲೆಯಲ್ಲಿ ಕಲಿತದ್ದು ತಲೆಯಲ್ಲಿ ಕೂತಿರುತ್ತದೆ. ಈ ಟು ಅದಲ್ಲ, ಇದು ಪ್ರಿಪೊಸಿಷನ್. ಪರೀಕ್ಷಿಸುವುದು ಸುಲಭ. ಟು ಮುಂದೆ ಒಂದು ನಾಮಪದ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಹೋಗುತ್ತದೆ ಅಲ್ವಾ? ಹಾಗಿದ್ದರೆ ಕ್ರಿಯಾಪದಕ್ಕೆ ‘ಇಂಗ್’ ಸೇರಬೇಕು, ‘ಹಿಯರಿಂಗ್ ಫ್ರಮ್ ಯೂ’ ಆಗಬೇಕು. ‘ಯೂಸ್ಡ್ ಟು’ ಇನ್ನೂ ಅಪಾಯ, ಅದರಲ್ಲಿ ಎರಡೂ ಬಗೆಯ ಟು ಇವೆ. ‘ಐ ಯೂಸ್ಡ್ ಟು ವರ್ಕ್ ಆ್ಯಟ್ ನೈಟ್’ ಎಂದರೆ ಹಿಂದೆ ರಾತ್ರಿ ಕೆಲಸ ಮಾಡುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಆ್ಯಟ್ ನೈಟ್’ ಎಂದರೆ ರಾತ್ರಿ ಕೆಲಸ ನನಗೆ ಅಭ್ಯಾಸವಾಗಿದೆ. ಇತ್ತೀಚೆಗೆ ಬಂದ ಒಂದು ಅರ್ಜಿಯಲ್ಲಿ ‘ಐ ಆಮ್ ಯೂಸ್ಡ್ ಟು ವರ್ಕ್ ಆ್ಯಟ್ ನೈಟ್’ ಎಂದಿತ್ತು. ಎರಡರಲ್ಲಿ ಯಾವುದು ಎಂದು ತಿಳಿಯದೆ ಫೋನ್ ಮಾಡಿದೆ. ಆತ ಪಿಸುದನಿಯಲ್ಲಿ ಮಾತಾಡಿದ. ಆಗಲೂ ನೈಟ್ ಶಿಫ್ಟಿನಲ್ಲೇ ಇದ್ದ.