ಪದ ಪರಿಚಯ: ರೂಟ್ ಪ್ಲಾನರ್‌ಗಳ ಬೀಟಾ ಟೆಸ್ಟಿಂಗ್

ತಂತ್ರಾಂಶದ ಹೊಸ ಆವೃತ್ತಿಯೊಂದು ಬರೆದವರ ಕೈ ದಾಟಿದೆ, ಆದರೆ ಎಲ್ಲ ಬಳಕೆದಾರರಿಗೂ ಇನ್ನೂ ತಲುಪಿಲ್ಲ. ಈ ನಡುವಿನ ಅವಧಿಯಲ್ಲಿ ಹೊರಗಿನ ಒಂದಷ್ಟು ಜನ ಅದನ್ನು ಬಳಸಿ ನೋಡುವುದಕ್ಕೆ ಬೀಟಾ ಟೆಸ್ಟಿಂಗ್ ಎನ್ನುತ್ತಾರೆ. ಅದಕ್ಕೂ ಮುಂಚೆ ತಂಡದೊಳಗೇ ನಡೆಯುವುದು ಆಲ್ಫಾ. ಆಹ್ವಾನ ಬಂದವರಿಗಷ್ಟೇ ಸಿಕ್ಕಿದರೆ ಕ್ಲೋಸ್ಡ್ ಬೀಟಾ, ಬೇಕೆಂದವರೆಲ್ಲ ಇಳಿಸಿಕೊಳ್ಳಬಹುದಾದರೆ ಓಪನ್ ಬೀಟಾ. ಸಾಮಾನ್ಯ ಆ್ಯಪ್‌ಗಳ ಮಟ್ಟಿಗೆ ಇಷ್ಟು ವಿವರಣೆ ಸಾಕು. ದಾರಿ ಯೋಜಿಸುವ ತಂತ್ರಾಂಶದ ವಿಷಯ ಸ್ವಲ್ಪ ಬೇರೆ. ಇಲ್ಲಿ ಸರಿಯಾದ ಉತ್ತರ ಯಾವುದು ಎನ್ನುವುದೇ ಮೊದಲ ತಕರಾರು.

ಲೆಕ್ಕ ಹಾಕುವ ಆ್ಯಪ್ ಎರಡಕ್ಕೆ ಎರಡು ಕೂಡಿಸಿ ಐದು ಎಂದರೆ ತಪ್ಪೆಂದು ಯಾರು ಬೇಕಾದರೂ ಹೇಳಬಹುದು. ಒಂದೂರಿನಿಂದ ಇನ್ನೊಂದೂರಿಗೆ 212 ಕಿಲೋಮೀಟರಿನ ದಾರಿ ತೋರಿಸಿದರೆ ಅದು ಸರಿಯೋ ತಪ್ಪೋ? ಗಣಿತದ ಮಟ್ಟಿಗೆ ಉತ್ತರವಿದೆ. ಅತಿ ಕಡಿಮೆ ವೆಚ್ಚದ ದಾರಿ ಹುಡುಕುವ ವಿಧಾನವನ್ನು ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲೇ ಪ್ರಕಟಿಸಿದ್ದರು. ಅದನ್ನು ಗುರಿಯ ದಿಕ್ಕಿಗೆ ತಿರುಗಿಸಿ ಚುರುಕುಗೊಳಿಸಿದ ಎ-ಸ್ಟಾರ್ 1968ರಲ್ಲಿ ಬಂತು. ಇವತ್ತಿನ ರೂಟ್ ಪ್ಲಾನರ್‌ಗಳ ಒಳಗೆ ಓಡುವುದು ಬಹುಪಾಲು ಇವುಗಳ ಮಕ್ಕಳು ಮೊಮ್ಮಕ್ಕಳೇ. ಆದರೆ ಈ ವಿಧಾನಗಳಿಗೆ ರಸ್ತೆ ಕಾಣಿಸುವುದಿಲ್ಲ. ಬಿಂದುಗಳು, ಅವುಗಳನ್ನು ಜೋಡಿಸುವ ಗೆರೆಗಳು, ಪ್ರತಿ ಗೆರೆಗೂ ಅಂಟಿಸಿದ ಒಂದು ಅಂಕಿ, ಅಷ್ಟೇ ಅವುಗಳ ಲೋಕ. ಆ ಅಂಕಿಯನ್ನು ಯಾರೋ ಮನುಷ್ಯರು ನಿಗದಿ ಮಾಡಿರುತ್ತಾರೆ: ಮಣ್ಣು ರಸ್ತೆಗೆ ಇಷ್ಟು ದಂಡ, ಎಡ ಬಲ ತಿರುವಿಗೆ ಇಷ್ಟು ಸೆಕೆಂಡು, ಸುತ್ತುಬಳಸಿನ ಚೆಂದದ ದಾರಿಗೆ ಇಷ್ಟು ರಿಯಾಯಿತಿ. ಬೀಟಾ ಟೆಸ್ಟ್ ನಿಜವಾಗಿ ಪರೀಕ್ಷಿಸುವುದು ಈ ತೀರ್ಮಾನಗಳನ್ನು. ಆ ರಸ್ತೆಯಲ್ಲಿ ಓಡಾಡಿದವರನ್ನು ಬಿಟ್ಟರೆ ಇನ್ನಾರೂ ಇವುಗಳ ಬಗ್ಗೆ ಖಚಿತವಾಗಿ ಹೇಳಲಾರರು.

ಹಾಗೆ ನೋಡಿದರೆ ಜಿಪಿಎಸ್ ರೂಟ್ ಪ್ಲಾನರ್ ಎಂಬ ಹೆಸರೇ ಕೊಂಚ ದಾರಿ ತಪ್ಪಿಸುವಂಥದ್ದು. ಯೋಜನೆ ಹಾಕುವ ಹೊತ್ತಿನಲ್ಲಿ ಉಪಗ್ರಹಗಳಿಗೆ ಏನೂ ಕೆಲಸವಿರುವುದಿಲ್ಲ. ನಕ್ಷೆ, ವೆಚ್ಚದ ಲೆಕ್ಕ, ನೀವು ಬೆರಳಿಟ್ಟ ಬಿಂದುಗಳು, ಇಷ್ಟಿದ್ದರೆ ದಾರಿ ಸಿದ್ಧ. ಜಿಪಿಎಸ್ ಬರುವುದು ಆಮೇಲೆ, ಗಾಡಿ ಹೊರಟ ಮೇಲೆ. ಅದಕ್ಕೇ ಈ ಬಗೆಯ ತಂತ್ರಾಂಶದಲ್ಲಿ ಬಗ್ ಹುಟ್ಟುವ ಜಾಗ ಒಂದು, ಕಣ್ಣಿಗೆ ಬೀಳುವ ಜಾಗ ಇನ್ನೊಂದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರೂಟ್ ಪ್ಲಾನರ್ ಬಳಸುವವರ ಬಾಯಲ್ಲಿ ಎರಡು ಮಾತು ಸದಾ ಇರುತ್ತವೆ: ವಯಾ ಪಾಯಿಂಟ್ ಮತ್ತು ಶೇಪಿಂಗ್ ಪಾಯಿಂಟ್. ವಯಾ ಪಾಯಿಂಟ್ ಎಂದರೆ ಮುಟ್ಟಲೇಬೇಕಾದ ತಾಣ. ಅಲ್ಲಿಗೆ ಬಂದಾಗ ಸಾಧನ ನಿಮಗೆ ತಿಳಿಸುತ್ತದೆ, ತಪ್ಪಿಸಿದರೆ ಹಿಂದಕ್ಕೆ ಎಳೆಯುತ್ತದೆ. ಶೇಪಿಂಗ್ ಪಾಯಿಂಟ್ ದಾರಿಯನ್ನು ಬೇಕಾದ ರಸ್ತೆಗೆ ಬಾಗಿಸಲು ಇಡುವ ಮೂಕ ಬಿಂದು. ಈಗ ‘ಗೆರೆಯನ್ನು ಬೆರಳಿನಿಂದ ಎಳೆದು ಬೇಕಾದ ರಸ್ತೆಗೆ ತನ್ನಿ’ ಎಂಬ ಹೊಸ ಸೌಲಭ್ಯ ಬೀಟಾದಲ್ಲಿದೆ ಎಂದುಕೊಳ್ಳಿ. ನಡುವೆ ಡಿವೈಡರ್ ಇರುವ ಹೆದ್ದಾರಿಯ ಮೇಲೆ ಗೆರೆಯನ್ನು ಎಳೆದು ಬಿಡುತ್ತೀರಿ. ನಕ್ಷೆಯ ಈ ಜೂಮ್‌ನಲ್ಲಿ ಹೆದ್ದಾರಿ ಒಂದೇ ಗೆರೆ. ನಕ್ಷೆಯ ಮಾಹಿತಿಯಲ್ಲಿ ಮಾತ್ರ ಅದು ಎರಡು, ಹೋಗುವುದಕ್ಕೊಂದು, ಬರುವುದಕ್ಕೊಂದು. ಬೆರಳು ಬಿಟ್ಟ ಜಾಗಕ್ಕೆ ಹತ್ತಿರದ ಗೆರೆಗೆ ಬಿಂದುವನ್ನು ಅಂಟಿಸುವ ಕೆಲಸಕ್ಕೆ ಸ್ನ್ಯಾಪಿಂಗ್ ಎನ್ನುತ್ತಾರೆ. ಬಿಂದು ಎದುರುಗಡೆಯ ಪಟ್ಟಿಗೆ ಅಂಟಿತೋ, ಮುಗಿಯಿತು. ಪ್ಲಾನರ್ ಪ್ರಾಮಾಣಿಕವಾಗಿ ಮುಂದಿನ ಇಂಟರ್‌ಚೇಂಜ್‌ವರೆಗೆ ಹೋಗಿ, ತಿರುಗಿ, ಆ ಬಿಂದುವನ್ನು ಮುಟ್ಟಿ, ಹಿಂದಿನ ಇಂಟರ್‌ಚೇಂಜ್‌ನಲ್ಲಿ ಮತ್ತೆ ತಿರುಗಿ ಬರುತ್ತದೆ. ಪರದೆಯ ಮೇಲೆ ಹೋದ ಗೆರೆಯೂ ಬಂದ ಗೆರೆಯೂ ಒಂದರ ಮೇಲೊಂದು ಕೂತಿರುವುದರಿಂದ ಏನೂ ತಪ್ಪಾದಂತೆ ಕಾಣುವುದಿಲ್ಲ. ಒಟ್ಟು ದೂರ ಮಾತ್ರ ಹತ್ತಾರು ಕಿಲೋಮೀಟರು ಹೆಚ್ಚಿರುತ್ತದೆ. ನುರಿತ ಪರೀಕ್ಷಕರು ಬಿಂದು ಇಟ್ಟ ಕೂಡಲೇ ಗೆರೆ ನೋಡುವ ಬದಲು ದೂರದ ಅಂಕಿ ನೋಡುವುದು ಈ ಕಾರಣಕ್ಕೆ.

ಸೇತುವೆಯ ಮೇಲಿನ ರಸ್ತೆ, ಅದರಡಿಯ ರಸ್ತೆ, ಹೆದ್ದಾರಿಗೆ ಒರಗಿಕೊಂಡ ಸರ್ವಿಸ್ ರಸ್ತೆ, ಇವೆಲ್ಲ ಸ್ನ್ಯಾಪಿಂಗ್ ಎಡವುವ ಇತರ ತಾಣಗಳು.

ಯೋಜಿಸಿದ ದಾರಿ ಇನ್ನೊಂದು ಸಾಧನಕ್ಕೆ ಹೋಗುವಾಗ ಇನ್ನೊಂದು ಬಗೆಯ ಗೊಂದಲ. ಬಹುತೇಕ ಎಲ್ಲರೂ ಬಳಸುವ ಫೈಲ್ ಮಾದರಿ ಜಿಪಿಎಕ್ಸ್. ಇದು ಮೊದಲು ಬಂದದ್ದು 2002ರಲ್ಲಿ. 1.1ನೇ ಆವೃತ್ತಿ 2004ರದ್ದು, ಇವತ್ತಿಗೂ ಅದೇ ಚಾಲ್ತಿಯಲ್ಲಿದೆ. ಅದರೊಳಗೆ ರೂಟ್ ಮತ್ತು ಟ್ರ್ಯಾಕ್ ಎಂಬ ಎರಡು ಬೇರೆ ಬೇರೆ ಸಂಗತಿಗಳಿವೆ. ರೂಟ್‌ನಲ್ಲಿರುವುದು ಮುಟ್ಟಬೇಕಾದ ಬಿಂದುಗಳ ಸಾಲು. ನಡುವಿನ ದಾರಿಯನ್ನು ಸಾಮಾನ್ಯವಾಗಿ ಓದುವ ಸಾಧನವೇ ತನ್ನ ನಕ್ಷೆ, ತನ್ನ ಲೆಕ್ಕದ ಪ್ರಕಾರ ಹೊಸದಾಗಿ ಹುಡುಕಿಕೊಳ್ಳುತ್ತದೆ. ಟ್ರ್ಯಾಕ್ ಹಾಗಲ್ಲ, ಅದು ಒತ್ತೊತ್ತಾಗಿ ಪೋಣಿಸಿದ ಬಿಂದುಗಳ ಗೆರೆ, ಎಳೆದಂತೆಯೇ ಉಳಿಯುತ್ತದೆ. ‘ಮನೆಯಲ್ಲಿ ಹಾಕಿದ ದಾರಿಯೇ ಬೇರೆ, ಗಾಡಿಯಲ್ಲಿ ತೋರಿಸುವ ದಾರಿಯೇ ಬೇರೆ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಬರುವಂಥವು. ಇದು ಬಗ್ ಅಲ್ಲ ಎಂದು ತಂಡದವರು ಹೇಳುತ್ತಾರೆ, ಮಾತು ನಿಜವೂ ಹೌದು. ಆದರೆ ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮುಂಚೆ ಈ ವ್ಯತ್ಯಾಸ ತಿಳಿಸದ ವಿನ್ಯಾಸವನ್ನು ದೋಷವೆಂದೇ ಬರೆದುಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಸರಿ ಉತ್ತರ ಗೊತ್ತಿಲ್ಲದಿದ್ದರೂ ತಪ್ಪನ್ನು ಹಿಡಿಯುವ ಒಂದು ಜಾಣ ಉಪಾಯವಿದೆ. ಮೆಟಮಾರ್ಫಿಕ್ ಟೆಸ್ಟಿಂಗ್ ಎಂಬ ಹೆಸರಿನಲ್ಲಿ 1998ರಿಂದ ತಂತ್ರಾಂಶ ಪರೀಕ್ಷೆಯವರ ನಡುವೆ ಇದೆ. ಒಂದು ಉತ್ತರವನ್ನು ಒಂಟಿಯಾಗಿ ತೂಗದೆ, ಎರಡು ಉತ್ತರಗಳ ನಡುವೆ ಇರಲೇಬೇಕಾದ ಸಂಬಂಧವನ್ನು ತೂಗುವುದು ಇದರ ತಿರುಳು. ಅತಿ ಬೇಗ ತಲುಪುವ ದಾರಿ ಕೇಳಿ, ಬಂದ ಸಮಯ ಬರೆದಿಡಿ. ಬಳಿಕ ‘ಟೋಲ್ ರಸ್ತೆ ಬೇಡ’ ಎಂದು ಆರಿಸಿ ಮತ್ತೆ ಕೇಳಿ. ಸಮಯ ಅಷ್ಟೇ ಇರಬಹುದು, ಹೆಚ್ಚಲೂಬಹುದು. ಕಡಿಮೆಯಾದರೆ ಎಲ್ಲೋ ಏನೋ ಕೆಟ್ಟಿದೆ, ಏಕೆಂದರೆ ಟೋಲ್ ಇಲ್ಲದ ಆ ಚುರುಕು ದಾರಿ ಮೊದಲ ಹುಡುಕಾಟದಲ್ಲೂ ಲಭ್ಯವಿತ್ತು. ಹಾಗೆಯೇ, ಸಿಕ್ಕ ದಾರಿಯನ್ನು ನಡುವಿನ ಒಂದು ಬಿಂದುವಿನಲ್ಲಿ ತುಂಡರಿಸಿ ಎರಡು ಪ್ರಯಾಣ ಮಾಡಿದರೆ ಎರಡರ ಮೊತ್ತ ಮೂಲದಷ್ಟೇ ಬರಬೇಕು. ಒಂದು ರಸ್ತೆ ಮುಚ್ಚಿದೆ ಎಂದು ಗುರುತು ಹಾಕಿದರೆ ಪ್ರಯಾಣ ಇನ್ನಷ್ಟು ಬೇಗ ಮುಗಿಯಬಾರದು. ಇಂಥದ್ದಕ್ಕೆ ಆ ರಸ್ತೆಯ ಪರಿಚಯ ಬೇಕಿಲ್ಲ, ಸಾವಿರಾರು ಜೋಡಿ ಊರುಗಳ ಮೇಲೆ ಯಂತ್ರವೇ ರಾತ್ರಿಯಿಡೀ ಓಡಿಸಬಹುದು. ಒಂದು ಎಚ್ಚರ: ಹೋಗುವ ದೂರ ಬರುವ ದೂರಕ್ಕೆ ಸಮವಿರಬೇಕೆಂಬ ನಿಯಮವಿಲ್ಲ. ಒನ್‌ವೇ ಮತ್ತು ತಿರುವು ನಿಷೇಧಗಳು ಇರುವವರೆಗೂ ಅವೆರಡೂ ಬೇರೆಯಾಗುತ್ತವೆ. ಹೊಸ ಪರೀಕ್ಷಕರು ಇದನ್ನೇ ದೋಷವೆಂದು ಬರೆದು ಕಳಿಸುವುದು ಮಾಮೂಲಿ.

ರಿಗ್ರೆಶನ್ ಟೆಸ್ಟ್ ಎನ್ನುವುದು ಇದರ ನೆರೆಮನೆ. ಹೊಸದನ್ನು ಸೇರಿಸುವಾಗ ಹಳೆಯದು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ನಿಗದಿತ ದಾರಿಗಳ ಒಂದು ಪಟ್ಟಿಯನ್ನು ಹಳೆಯ ಆವೃತ್ತಿಯಲ್ಲೂ ಹೊಸದರಲ್ಲೂ ಓಡಿಸಿ ಹೋಲಿಸುತ್ತಾರೆ. ಇಲ್ಲೊಂದು ತೊಡಕು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ನಕ್ಷೆಯನ್ನು ಜನ ದಿನವೂ ತಿದ್ದುತ್ತಲೇ ಇರುತ್ತಾರೆ. ನಿನ್ನೆಯ ದಾರಿ ಇಂದು ಬದಲಾಗಿದ್ದರೆ ಕಾರಣ ತಂತ್ರಾಂಶವೋ, ಯಾರೋ ಒಂದು ರಸ್ತೆಗೆ ಹೊಸದಾಗಿ ಹಾಕಿದ ಒನ್‌ವೇ ಗುರುತೋ? ನಕ್ಷೆಯ ಒಂದು ಪ್ರತಿಯನ್ನು ಹಾಗೇ ಹೆಪ್ಪುಗಟ್ಟಿಸಿ ಅದರ ಮೇಲೆ ಮಾತ್ರ ಹೋಲಿಸದಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಏರಿಳಿತ ತೋರಿಸುವ ಸೌಲಭ್ಯದಲ್ಲಿ ಸುರಂಗ ಮತ್ತು ಸೇತುವೆಗಳನ್ನು ಮೊದಲು ನೋಡಬೇಕು. ಎತ್ತರದ ಮಾಹಿತಿ ಎಷ್ಟೋ ಕಡೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ರೇಡಾರ್‌ಗೆ ಕಂಡಿದ್ದು ಬೆಟ್ಟದ ಮೈ, ಅದರೊಳಗೆ ಕೊರೆದ ರಸ್ತೆಯನ್ನು ಅದು ಕಂಡಿಲ್ಲ. ತಂತ್ರಾಂಶ ಸರಿಪಡಿಸಿಕೊಳ್ಳದಿದ್ದರೆ ಸಮತಟ್ಟಾದ ಸುರಂಗದಲ್ಲಿ ಹೋಗುವ ಸೈಕಲ್ಲಿನವನಿಗೆ ಇಡೀ ಬೆಟ್ಟ ಹತ್ತಿಳಿದ ಲೆಕ್ಕ ಬರುತ್ತದೆ.

ಅಕ್ಷಾಂಶ ರೇಖಾಂಶಗಳ ಅದಲುಬದಲು ಇನ್ನೊಂದು ಹಳೇ ರೋಗ. ನಾವು ಮಾತಾಡುವಾಗ ಅಕ್ಷಾಂಶ ಮೊದಲು. 2016ರಲ್ಲಿ ಮಾನಕವಾದ ಜಿಯೋಜೇಸನ್ ಎಂಬ, ನಕ್ಷೆಯ ಮಾಹಿತಿ ಬರೆದಿಡುವ ಫೈಲ್ ಮಾದರಿಯಲ್ಲಿ ರೇಖಾಂಶ ಮೊದಲು. ಎರಡೂ ಅಂಕಿ ಹತ್ತಿರ ಹತ್ತಿರವಿರುವ ಜಾಗದಲ್ಲಿ ಪರೀಕ್ಷಿಸಿದರೆ ತಪ್ಪು ಮರೆಯಾಗಿಯೇ ಉಳಿಯುತ್ತದೆ. ರೇಖಾಂಶ 90 ದಾಟಿದ ಒಂದು ತಾಣವನ್ನು ಪಟ್ಟಿಯಲ್ಲಿ ಇಟ್ಟುಕೊಂಡರೆ ಬಣ್ಣ ಬೇಗ ಬಯಲಾಗುತ್ತದೆ, ಏಕೆಂದರೆ ಅಕ್ಷಾಂಶ 90ಕ್ಕಿಂತ ಮೇಲೇರಲಾರದು. 180ನೇ ರೇಖಾಂಶವನ್ನು ದಾಟುವ ಒಂದು ದಾರಿಯನ್ನೂ ಸೇರಿಸಬಹುದು. ಅಲ್ಲಿ ಎಡವುವ ತಂತ್ರಾಂಶ ನಕ್ಷೆಯ ಅಡ್ಡಕ್ಕೂ ಒಂದು ಗೆರೆ ಎಳೆದುಬಿಡುತ್ತದೆ.

ಬೀಟಾ ಟೆಸ್ಟರ್ ಆಗುವವರ ಮುಖ್ಯ ಕೆಲಸ ವರದಿ ಬರೆಯುವುದು. ‘ಹೊಸ ವರ್ಷನ್‌ನಲ್ಲಿ ರೂಟಿಂಗ್ ಕೆಟ್ಟುಹೋಗಿದೆ, ದಯವಿಟ್ಟು ಸರಿ ಮಾಡಿ’ ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ಮಾಡಲಾಗದು. ಕೆಲಸಕ್ಕೆ ಬರುವ ವರದಿ ಹೀಗಿರುತ್ತದೆ: ‘ಬೀಟಾ 3, ಬೈಕ್ ಪ್ರೊಫೈಲ್, ಹೆದ್ದಾರಿ ಬೇಡ ಎಂದು ಆರಿಸಿದ್ದೆ. ಎರಡನೇ ಶೇಪಿಂಗ್ ಪಾಯಿಂಟನ್ನು ಅಳಿಸಿ ಅನ್‌ಡೂ ಒತ್ತಿದರೆ ಬಿಂದು ವಾಪಸ್ ಬರುತ್ತದೆ, ಆದರೆ ವಯಾ ಪಾಯಿಂಟ್ ಆಗಿ ಬರುತ್ತದೆ. ಹಿಂದಿನ ಆವೃತ್ತಿಯಲ್ಲಿ ಹೀಗಿರಲಿಲ್ಲ. ಫೈಲ್ ಲಗತ್ತಿಸಿದ್ದೇನೆ.’ ಇದರಲ್ಲಿ ಆವೃತ್ತಿ ಇದೆ, ಆಯ್ಕೆಗಳಿವೆ, ಯಾವುದಾದ ಮೇಲೆ ಯಾವುದು ಮಾಡಿದ್ದೆಂದು ಇದೆ, ಆಗಬೇಕಿದ್ದದ್ದು ಏನು ಎಂಬ ಸುಳಿವೂ ಇದೆ. ಓದಿದ ಪ್ರೋಗ್ರಾಮರ್ ಎರಡೇ ನಿಮಿಷದಲ್ಲಿ ಅದೇ ದೋಷವನ್ನು ತನ್ನ ಪರದೆಯಲ್ಲಿ ಕಾಣಬಲ್ಲ. ಸ್ಕ್ರೀನ್‌ಶಾಟ್ ಒಳ್ಳೆಯದೇ, ಫೈಲ್ ಅದಕ್ಕಿಂತ ಒಳ್ಳೆಯದು. ದಾರಿ ನಿಮ್ಮ ಮನೆಬಾಗಿಲಿನಿಂದಲೇ ಶುರುವಾಗುತ್ತಿದ್ದರೆ ಕಳಿಸುವ ಮುಂಚೆ ಮೊದಲ ಬಿಂದುವನ್ನು ಒಂದೆರಡು ಕಿಲೋಮೀಟರ್ ಆಚೆಗೆ ಸರಿಸಿ, ದೋಷ ಆಗಲೂ ಮರುಕಳಿಸುತ್ತದೆಯೇ ಎಂದು ನೋಡಿ.

ಬೀಟಾದ ಜೊತೆಗೆ ಕೇಳಿಬರುವ ಇನ್ನೆರಡು ಹೆಸರುಗಳಿವೆ. ಫೀಚರ್ ಫ್ಲ್ಯಾಗ್ ಎಂದರೆ ಹೊಸ ಸೌಲಭ್ಯ ಎಲ್ಲರ ಆ್ಯಪ್‌ನಲ್ಲೂ ಇದ್ದು, ಯಾರಿಗೆ ಕಾಣಬೇಕೆಂಬ ಸ್ವಿಚ್ ತಂಡದ ಕೈಯಲ್ಲಿರುವ ವ್ಯವಸ್ಥೆ. ಕ್ಯಾನರಿ ರಿಲೀಸ್‌ನಲ್ಲಿ ಹೊಸ ಆವೃತ್ತಿ ಬಳಕೆದಾರರ ಒಂದು ಸಣ್ಣ ಪಾಲಿಗೆ ಮಾತ್ರ ಮೊದಲು ಹೋಗುತ್ತದೆ. ಅಲ್ಲಿ ತೊಂದರೆ ಕಾಣದಿದ್ದರೆ ಉಳಿದವರಿಗೂ ಹಬ್ಬುತ್ತದೆ. ಬೀಟಾದವರು ತಾವು ಪರೀಕ್ಷಕರೆಂದು ಗೊತ್ತಿದ್ದೇ ಬಳಸುತ್ತಾರೆ, ಕ್ಯಾನರಿಯವರಿಗೆ ಎಷ್ಟೋ ಸಲ ಅದು ಗೊತ್ತೇ ಇರುವುದಿಲ್ಲ. ಜನರನ್ನು ರಸ್ತೆಗೆ ಕಳಿಸುವ ತಂತ್ರಾಂಶದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಓಪನ್ ಬೀಟಾಕ್ಕೆ ಸೇರುವವರು ತಮ್ಮ ಹಳೆಯ ದಾರಿಗಳನ್ನೆಲ್ಲ ಮೊದಲೇ ಜಿಪಿಎಕ್ಸ್ ಆಗಿ ಬೇರೆಡೆ ಇಳಿಸಿಟ್ಟುಕೊಳ್ಳಬೇಕು. ಹೊಸ ಆವೃತ್ತಿ ಫೈಲುಗಳನ್ನು ಹೊಸ ರೂಪದಲ್ಲಿ ಉಳಿಸಿದರೆ ಹಳೆಯ ಆವೃತ್ತಿಗೆ ಹಿಂದಿರುಗಿದಾಗ ಅವು ತೆರೆಯದೇ ಹೋಗಬಹುದು. ದಾರಿಯಲ್ಲಿ ಪರೀಕ್ಷಿಸುವಾಗ ಪರದೆ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು. ಒಬ್ಬರೇ ಹೋಗುವುದಾದರೆ ದಾರಿಯುದ್ದಕ್ಕೂ ಟ್ರ್ಯಾಕ್ ದಾಖಲಾಗುವಂತೆ ಬಿಟ್ಟು, ಯೋಜಿಸಿದ ಗೆರೆಯ ಮೇಲೆ ಅದನ್ನಿಟ್ಟು ಎಲ್ಲಿ ಬೇರ್ಪಟ್ಟಿದೆಯೆಂದು ಮನೆಗೆ ಬಂದ ಮೇಲೆ ನೋಡಿದರಾಯಿತು. ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುವುದು ಸಹಜ. ಅಷ್ಟು ಬೇರ್ಪಟ್ಟಿದ್ದರೆ ವರದಿ ಬರೆಯಬೇಕಿಲ್ಲ.