ಮೊದಲ ಪಾಯಿಂಟ್ ಶೂ: ಬಿಗಿಗೆ ಹೆದರಿ ಸಡಿಲು ಕೊಳ್ಳುವವರಿಗೆ

ಇಪ್ಪತ್ತೈದು, ಮೂವತ್ತೈದು, ಕೆಲವೊಮ್ಮೆ ನಲವತ್ತು ದಾಟಿದ ಮೇಲೆ ಬ್ಯಾಲೆ ಕಲಿಯಲು ತೊಡಗಿದವರು ಬೆಳಗಾವಿಯಲ್ಲಿಯೂ ಇದ್ದಾರೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರಗಿನಿಂದ ಬಂದವರು, ಮನೆಯಲ್ಲಿ ಕುಳಿತೇ ಕಂಪನಿಯ ಕೆಲಸ ಮಾಡುವವರು, ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತು ನಡುವೆ ಬಿಟ್ಟು ಈಗ ಬೇರೊಂದು ನೃತ್ಯಕ್ಕೆ ಮನಸ್ಸು ಕೊಟ್ಟವರು ಇವರಲ್ಲಿ ಹೆಚ್ಚು. ವಾರದ ಪಾಠ ವಿಡಿಯೊ ಕರೆಯಲ್ಲಿ ನಡೆಯುತ್ತದೆ. ಸಾಧ್ಯವಾದಾಗ ಪುಣೆಗೋ ಗೋವಾಕ್ಕೋ ಹೋಗಿ ಗುರುಗಳ ಎದುರಿನಲ್ಲಿ ಅಭ್ಯಾಸ ಮಾಡುತ್ತಾರೆ. ಫಿಸಿಯೋಥೆರಪಿಸ್ಟ್ ಆದ ನನ್ನ ಬಳಿಗೆ ಇವರು ಬರುವುದು ಎರಡೇ ಸಂದರ್ಭಗಳಲ್ಲಿ. ಬೆರಳ ತುದಿಯ ಮೇಲೆ ನಿಂತು ನರ್ತಿಸಲು ಧರಿಸುವ ಪಾಯಿಂಟ್ ಶೂವನ್ನು ಮೊದಲ ಸಲ ಕೊಳ್ಳುವ ಮುನ್ನ ಪಾದ ತೋರಿಸಲು ಬರುವವರು ಕೆಲವರು; ಕೊಂಡು ಕೆಲವು ತಿಂಗಳು ಕಳೆದ ಮೇಲೆ ಕಪ್ಪಾದ ಉಗುರು ಮತ್ತು ಊದಿದ ಹೆಬ್ಬೆರಳಿನೊಂದಿಗೆ ಬರುವವರು ಹಲವರು. ಎರಡನೆಯ ಗುಂಪಿನವರ ಶೂಗಳನ್ನು ಪರೀಕ್ಷಿಸಿದಾಗ ಹೆಚ್ಚಿನ ಸಲ ಕಾಣುವುದು ಒಂದೇ ದೋಷ: ಶೂ ಬಿಗಿಯಾಗಿರುವುದಿಲ್ಲ, ಸಡಿಲವಾಗಿರುತ್ತದೆ.

ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ಶೂವಿನ ರಚನೆಯನ್ನು ತಿಳಿದಿರಬೇಕು. 1832ರಲ್ಲಿ ಪ್ಯಾರಿಸ್ಸಿನ ವೇದಿಕೆಯಲ್ಲಿ ಬೆರಳ ತುದಿಯ ಮೇಲೆ ನರ್ತಿಸಿ ಹೆಸರಾದ ಮಾರೀ ತಾಲಿಯೋನಿ ಧರಿಸಿದ್ದು ತುದಿಗೆ ದಾರದಿಂದ ಹೊಲಿಗೆ ಹಾಕಿದ ಮೆತ್ತನೆಯ ಸ್ಯಾಟಿನ್ ಚಪ್ಪಲಿಯನ್ನೇ ಹೊರತು ಇಂದಿನ ಗಟ್ಟಿ ಶೂವನ್ನಲ್ಲ. ಬೆರಳುಗಳನ್ನು ಸುತ್ತುವರಿಯುವ ಗಟ್ಟಿ ಭಾಗ, ಅಂದರೆ ಬಾಕ್ಸ್, ಆ ಶತಮಾನದ ಕೊನೆಯ ಹೊತ್ತಿಗೆ ಇಟಲಿಯ ಕುಶಲಕರ್ಮಿಗಳ ಕೈಯಲ್ಲಿ ರೂಪುಗೊಂಡಿತು. ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಿಂದ ಕೂಡಿಸಿ ಒಣಗಿಸಿದ ಈ ಬಾಕ್ಸಿನ ತುದಿಯ ಚಪ್ಪಟೆ ಭಾಗವೇ ಪ್ಲಾಟ್‌ಫಾರ್ಮ್. ಅಂಗಾಲಿನ ಕೆಳಗೆ ಹಿಮ್ಮಡಿಯವರೆಗೆ ಸಾಗುವ ಗಟ್ಟಿ ಪಟ್ಟಿ ಶ್ಯಾಂಕ್. ಬೆರಳುಗಳ ಮೇಲ್ಭಾಗವನ್ನು ಮುಚ್ಚುವುದು ವ್ಯಾಂಪ್; ಎರಡೂ ಪಕ್ಕಗಳನ್ನು ಹಿಡಿದಿರುವವು ವಿಂಗ್‌ಗಳು. ಒಂಟಿ ಕಾಲಿನ ಮೇಲೆ ಏರಿದಾಗ ಕೆಲವೇ ಚದರ ಸೆಂಟಿಮೀಟರಿನ ಪ್ಲಾಟ್‌ಫಾರ್ಮ್ ಮೇಲೆ ಇಡೀ ದೇಹದ ಭಾರ ಬೀಳುತ್ತದೆ. ಆ ಭಾರವೆಲ್ಲ ಬೆರಳ ತುದಿಗೆ ಇಳಿಯದಂತೆ ಪಾದದ ಪಕ್ಕಗಳನ್ನೂ ಕಮಾನನ್ನೂ ಒತ್ತಿ ಹಿಡಿದು ಮೇಲಕ್ಕೆತ್ತುವುದು ಬಾಕ್ಸ್ ಮತ್ತು ಶ್ಯಾಂಕ್‌ಗಳ ಕೆಲಸ. ಸುತ್ತಲೂ ಒತ್ತಿ ಹಿಡಿಯದ ಶೂವಿನಲ್ಲಿ ಪಾದ ಕೆಳಕ್ಕೆ ಜಾರುತ್ತದೆ. ಜಾರಿದ ಪಾದ ನಿಲ್ಲುವುದು ಹೆಬ್ಬೆರಳಿನ ಉಗುರಿನ ಮೇಲೆ.

ಆದರೆ ನಮ್ಮ ಜಿಲ್ಲೆಯವರಿಗೆ ಪಾದರಕ್ಷೆಯ ವಿಷಯದಲ್ಲಿ ಬೇರೆಯದೇ ಅನುಭವವಿದೆ. ಅಥಣಿ, ನಿಪ್ಪಾಣಿಗಳಲ್ಲಿ ಕೈಯಿಂದ ಹೊಲಿದ ಚರ್ಮದ ಚಪ್ಪಲಿ ಮೊದಲ ಕೆಲವು ದಿನ ಕಚ್ಚಿದರೂ ಎಣ್ಣೆ ಹಚ್ಚಿ ಮೆಟ್ಟುತ್ತ ಹೋದಂತೆ ಕಾಲಿಗೆ ಒಗ್ಗಿಕೊಳ್ಳುತ್ತದೆ. ಪಾಯಿಂಟ್ ಶೂ ಕೂಡ ಹಾಗೆಯೇ ಎಂದು ನಂಬಿ ಬೆರಳು ಮಡಚುವಷ್ಟು ಗಿಡ್ಡದನ್ನು ಕೊಳ್ಳುವವರು ಕೆಲವರು. ಮುದ್ದಾಂ ಕಚ್ಚುವ ಶೂ ಏಕೆ ಬೇಕು ಎಂದು ಒಂದು ಅಳತೆ ದೊಡ್ಡದನ್ನು ಕೊಳ್ಳುವವರು ಅದಕ್ಕಿಂತ ಹೆಚ್ಚು. “ಮೇಡಂ, ಒಂದ್ ನಂಬರ್ ದೊಡ್ಡದ ತಗೊಂಡ್ ಒಳಗ ಹತ್ತಿ ತುಂಬಿದ್ರ ಆಗೂದಿಲ್ಲೇನ್ರಿ?” ಎಂಬ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಆಗುವುದಿಲ್ಲ. ಬಾಕ್ಸ್ ಬೆವರಿನಿಂದ ಮೆತ್ತಗಾಗಿ ಅಗಲದಲ್ಲಿ ಸ್ವಲ್ಪ ಬಿಡುತ್ತದೆಯೇ ಹೊರತು ಉದ್ದದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಗಿಡ್ಡ ಶೂ ಗಿಡ್ಡವಾಗಿಯೇ ಉಳಿಯುತ್ತದೆ, ಸಡಿಲ ಶೂ ಇನ್ನಷ್ಟು ಸಡಿಲಾಗುತ್ತದೆ.

ಅಳತೆಗಿಂತ ಮೊದಲು ಪಾದ ಸಿದ್ಧವಿದೆಯೇ ಎಂಬುದನ್ನು ನೋಡಬೇಕು. ಮಕ್ಕಳಲ್ಲಿ ಎಲುಬಿನ ಬೆಳವಣಿಗೆಯ ಚಿಂತೆ ಇರುತ್ತದೆ, ವಯಸ್ಕರಲ್ಲಿ ಅದಿಲ್ಲ. ಅದರ ಬದಲು ಬೇರೆ ಸಂಗತಿಗಳಿವೆ. ಪೂರ್ಣ ಪಾಯಿಂಟಿನಲ್ಲಿ, ಅಂದರೆ ಬೆರಳ ತುದಿಯ ಮೇಲೆ ಏರಿ ನಿಂತಾಗ, ಪಾದವು ಕಾಲಿನೊಂದಿಗೆ ಬಹುಮಟ್ಟಿಗೆ ಒಂದೇ ರೇಖೆಗೆ ಬರಬೇಕು. ಕಣಕಾಲಿನ ಕೀಲು ಒಂದೇ ಕೊಡುವುದು ಸಾಮಾನ್ಯವಾಗಿ ಸುಮಾರು 50 ಡಿಗ್ರಿ ಬಾಗು. ಉಳಿದದ್ದು ಪಾದದ ನಡುವಿನ ಕೀಲುಗಳಿಂದ ಬರಬೇಕು, ಮತ್ತು ಮೂವತ್ತು ವರ್ಷ ಶೂ ಹಾಕಿ ಕುರ್ಚಿಯ ಮೇಲೆ ಕುಳಿತ ಪಾದದಲ್ಲಿ ಬಿಗಿದುಕೊಂಡಿರುವವು ಹೆಚ್ಚಾಗಿ ಆ ಕೀಲುಗಳೇ. ಕಾಲು ಚಾಚಿ ಕುಳಿತು ಪಾದವನ್ನು ಮುಂದಕ್ಕೆ ಬಾಗಿಸಿ, ಕಣಕಾಲಿನ ಮುಂಭಾಗದ ಮೇಲೆ ಪೆನ್ಸಿಲ್ ಇಟ್ಟು, ಅದು ಮೊಣಕಾಲಿನ ಕಡೆಗೂ ಬೆರಳುಗಳ ಕಡೆಗೂ ತಡೆಯಿಲ್ಲದೆ ಮಲಗುತ್ತದೆಯೇ ಎಂದು ನೋಡುವುದು ಒಂದು ಸರಳ ಪರೀಕ್ಷೆ. ಡೆಮಿ-ಪಾಯಿಂಟಿನಲ್ಲಿ, ಅಂದರೆ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ನಿಂತಾಗ, ಹೆಬ್ಬೆರಳು ಬುಡದಲ್ಲಿ 90 ಡಿಗ್ರಿಯ ಹತ್ತಿರ ಮೇಲಕ್ಕೆ ಬಾಗಬೇಕು. ಆ ಕೀಲು ಸವೆದು ಬಿರುಸಾಗಿದ್ದರೆ ಯಾವ ಶೂವೂ ಅದನ್ನು ಸರಿಪಡಿಸುವುದಿಲ್ಲ. ಮೊಣಕಾಲು ಮಡಚದೆ ಒಂಟಿ ಕಾಲಿನ ಮೇಲೆ ನಿಧಾನವಾಗಿ 20ರಿಂದ 25 ಬಾರಿ ಏರಿ ಇಳಿಯಲು ಆಗದವರಿಗೆ ನಾನು ಮೀನಖಂಡದ ವ್ಯಾಯಾಮವನ್ನು ಹೇಳಿ ಶೂವನ್ನು ಮುಂದೂಡುತ್ತೇನೆ. ವಾರಕ್ಕೆ ಎರಡು ತರಗತಿಯಂತೆ ಎರಡು ವರ್ಷವಾದರೂ ಮೆತ್ತನೆಯ ಶೂವಿನಲ್ಲಿ ಕಲಿತಿರಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಳ್ಳುವವರು ಕಡಿಮೆಯಿಲ್ಲ.

ಸಕ್ಕರೆ ಕಾಯಿಲೆ ಇದ್ದವರು ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಳ್ಳದೆ ಪಾಯಿಂಟ್ ಶೂ ಧರಿಸಲೇಬಾರದು, ಏಕೆಂದರೆ ನೋವು ಗೊತ್ತಾಗದ ಕಾಲಿನಲ್ಲಿ ಗುಳ್ಳೆಯು ಹುಣ್ಣಾಗುವುದು ತಡವಾಗುವುದಿಲ್ಲ. ಹಿಂದೆ ಎಲುಬು ಸುಲಭವಾಗಿ ಮುರಿದವರು ಮತ್ತು ಮುಟ್ಟು ನಿಂತವರು ಎಲುಬಿನ ಸಾಂದ್ರತೆಯ ಬಗ್ಗೆ ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಭರತನಾಟ್ಯದ ಹಿನ್ನೆಲೆಯವರ ಬಗ್ಗೆ ಒಂದು ಮಾತು. ಬರಿಗಾಲಿನಲ್ಲಿ ವರ್ಷಗಟ್ಟಲೆ ತಟ್ಟಿದ ಪಾದದಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡು ಮುಂಗಾಲು ಅಗಲವಾಗಿರುತ್ತದೆ, ಹಿಮ್ಮಡಿ ಮಾತ್ರ ಕಿರಿದಾಗಿಯೇ ಇರುತ್ತದೆ. ಇಂಥವರಿಗೆ ಮುಂದೆ ಸರಿಹೋದ ಶೂ ಹಿಂದೆ ಕಳಚುತ್ತದೆ, ಹಿಂದೆ ಸರಿಹೋದದ್ದು ಮುಂದೆ ಹಿಂಡುತ್ತದೆ. ಅಗಲದ ಆಯ್ಕೆಗಳು ಹೆಚ್ಚಿರುವ ತಯಾರಕರನ್ನೇ ಇವರು ಹುಡುಕಬೇಕು. ಹಿಮ್ಮಡಿಯ ಸಡಿಲನ್ನು ಎಲಾಸ್ಟಿಕ್ ಹೊಲಿದು ಸರಿಪಡಿಸಬಹುದು. ಮುಂಗಾಲಿನ ಹಿಂಡಿಗೆ ಅಂಥ ಉಪಾಯವಿಲ್ಲ.

ಈಗ ಅಳತೆಗೆ ಬರೋಣ. ಮಾಮೂಲಿ ಚಪ್ಪಲಿಯ ನಂಬರನ್ನು ಮರೆತುಬಿಡಿ. ಪ್ರತಿ ತಯಾರಕರ ಲೆಕ್ಕವೂ ಬೇರೆ. ಉದ್ದ, ಅಗಲ, ಬಾಕ್ಸಿನ ಎತ್ತರ, ವ್ಯಾಂಪಿನ ಉದ್ದ, ಶ್ಯಾಂಕಿನ ಗಡಸು ಇವೆಲ್ಲವೂ ಬೇರೆ ಬೇರೆಯಾಗಿ ಕೂಡಬೇಕು. ಎರಡು ಶೂಗಳಲ್ಲಿ ಎಡ ಬಲ ಎಂಬ ಭೇದವೂ ಸಾಮಾನ್ಯವಾಗಿ ಇರುವುದಿಲ್ಲ. ಹೆಬ್ಬೆರಳಿನಿಂದ ಕಿರುಬೆರಳಿಗೆ ಇಳಿಜಾರಾದ ಪಾದಕ್ಕೆ ಮುಂದೆ ಕಿರಿದಾಗುವ ಬಾಕ್ಸ್ ಹೊಂದುತ್ತದೆ. ಮೊದಲ ಮೂರು ಬೆರಳು ಸಮನಾಗಿರುವ ಪಾದಕ್ಕೆ ಚೌಕವಾದದ್ದು ಬೇಕು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿದ್ದರೆ ಭಾರವೆಲ್ಲ ಅದರ ಮೇಲೆಯೇ ಬೀಳುವುದರಿಂದ ಹೆಬ್ಬೆರಳಿನ ತುದಿಗೆ ಸಣ್ಣ ಮೆತ್ತೆ ಇಟ್ಟು ಸಮ ಮಾಡಿಯೇ ಅಳತೆ ನೋಡಬೇಕಾಗುತ್ತದೆ.

ಶೂ ಹಾಕಿಕೊಂಡ ಮೇಲೆ ಮೂರು ಭಂಗಿಗಳಲ್ಲಿ ಪರೀಕ್ಷಿಸಬೇಕು. ಬರೀ ನಿಂತು ನೋಡಿ ಕೊಳ್ಳುವುದರಿಂದಲೇ ತಪ್ಪುಗಳು ಆಗುತ್ತವೆ. ಸಮಪಾದದಲ್ಲಿ ನಿಂತಾಗ ಬೆರಳುಗಳು ಮಡಚದೆ ನೀಳವಾಗಿದ್ದು ತುದಿಯನ್ನು ಹಗುರಾಗಿ ಮುಟ್ಟಬೇಕು. ಕಾಲುಗಳನ್ನು ಅಗಲಿಸಿ ಮೊಣಕಾಲು ಬಾಗಿಸಿ ಪ್ಲಿಯೆಗೆ ಇಳಿದಾಗ ಪಾದ ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಳ್ಳುತ್ತದೆ; ಆಗ ಬೆರಳುಗಳು ತುದಿಗೆ ಒತ್ತಿಕೊಳ್ಳಬೇಕು, ಆದರೆ ಗೆಣ್ಣು ಏಳಬಾರದು. ಉದ್ದ ಸರಿಯಿದೆಯೇ ಎಂಬುದು ಗೊತ್ತಾಗುವುದು ಇಲ್ಲಿಯೇ. ಬಳಿಕ ಬಾರ್ (ಅಭ್ಯಾಸದಲ್ಲಿ ಆಸರೆಗೆ ಹಿಡಿಯುವ ಅಡ್ಡ ಸರಳು) ಅಥವಾ ಗಟ್ಟಿಮೇಜನ್ನು ಎರಡೂ ಕೈಗಳಿಂದ ಹಿಡಿದು ಒಂದು ಪಾದವನ್ನು ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿದಾಗ ಪಾದ ಕುಗ್ಗಿ ಹಿಮ್ಮಡಿಯಲ್ಲಿ ಸ್ಯಾಟಿನ್ ಸ್ವಲ್ಪ ಸಡಿಲಾಗುತ್ತದೆ. ಅದನ್ನು ಎರಡು ಬೆರಳಿನಲ್ಲಿ ಒಂದು ಚಿವುಟಿನಷ್ಟು ಹಿಡಿಯಲು ಬರಬೇಕು. ಏನೂ ಸಿಗದಿದ್ದರೆ ಶೂ ಗಿಡ್ಡ. ಮಡಿಕೆಯಾಗುವಷ್ಟು ಸಿಕ್ಕರೆ ಉದ್ದ. ಅದೇ ಭಂಗಿಯಲ್ಲಿ ವ್ಯಾಂಪಿನ ಮೇಲಂಚಿಗೂ ಪಾದಕ್ಕೂ ನಡುವೆ ಬಿಡುವು ಕಂಡರೆ, ಅಥವಾ ಏರಿದ ಕ್ಷಣ ಹೆಬ್ಬೆರಳು ಧಡಕ್ಕನೆ ತಳಕ್ಕೆ ಬಡಿದಂತೆನಿಸಿದರೆ, ಬಾಕ್ಸ್ ಅಗಲವಾಗಿದೆ ಎಂದೇ ತಿಳಿಯಬೇಕು. ಆಗ ಹತ್ತಿ ತುಂಬಬೇಡಿ, ಕಿರಿದಾದ ಬಾಕ್ಸನ್ನು ಕೇಳಿ.

ವ್ಯಾಂಪ್ ಬೆರಳುಗಳ ಬುಡದ ಕೀಲುಗಳನ್ನು ಮುಚ್ಚಬೇಕು. ಗಿಡ್ಡವಾದರೆ ಪಾದ ಮುಂದಕ್ಕೆ ಉರುಳಿ ಹೋಗುತ್ತದೆ. ಉದ್ದವಾದರೆ ಡೆಮಿ-ಪಾಯಿಂಟಿಗೆ ಬಾಗಲು ಬಿಡುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿ ಗಂಟು ಬೆಳೆದವರ ಶೂವಿನಲ್ಲಿ ವಿಂಗಿನ ಅಂಚು ಆ ಗಂಟಿನ ಮೇಲೆಯೇ ಕೂರಬಾರದು, ಅದನ್ನು ದಾಟಿ ಹೋಗಬೇಕು. ಶ್ಯಾಂಕಿನ ಬಗ್ಗೆ ಅಂಗಡಿಗಳಲ್ಲಿಯೂ ವಾದಗಳಿವೆ: ಹೊಸಬರಿಗೆ ಗಡಸಾದದ್ದೇ ಬೇಕು ಎನ್ನುವವರಿದ್ದಾರೆ, ಮೆತ್ತನೆಯದೇ ಸಾಕು ಎನ್ನುವವರೂ ಇದ್ದಾರೆ. ನಾನು ಪಾದವನ್ನು ನೋಡಿ ಹೇಳುತ್ತೇನೆ. ಕಮಾನು ಎತ್ತರವಾಗಿ ಬಾಗುವ ಪಾದ ಮೆತ್ತನೆಯ ಶ್ಯಾಂಕಿನಲ್ಲಿ ಪ್ಲಾಟ್‌ಫಾರ್ಮ್ ದಾಟಿ ಮುಂದೆ ಬೀಳುತ್ತದೆ. ಬಿಗಿಯಾದ ಪಾದಕ್ಕೆ ಗಡಸು ಶ್ಯಾಂಕ್ ಕೊಟ್ಟರೆ ಪ್ಲಾಟ್‌ಫಾರ್ಮಿನ ಮೇಲೆ ಏರಲಾಗದೆ ಮೊಣಕಾಲು ಮಡಚುತ್ತದೆ, ಮತ್ತು ವಯಸ್ಕರಲ್ಲಿ ಈ ಎರಡನೆಯ ದೃಶ್ಯವೇ ಹೆಚ್ಚು. ಏರಿ ನಿಂತಾಗ ಶ್ಯಾಂಕ್ ಅಂಗಾಲಿಗೆ ಅಂಟಿಕೊಂಡಿರಬೇಕು, ಪಕ್ಕಕ್ಕೆ ತಿರುಚಿರಬಾರದು.

ಬೆಳಗಾವಿಯ ಅಂಗಡಿಗಳಲ್ಲಿ ಹೀಗೆ ಅಳತೆ ನೋಡಿ ಕೊಡುವವರನ್ನು ನಾನು ಕಂಡಿಲ್ಲ, ಆದ್ದರಿಂದ ಬೆಂಗಳೂರು ಅಥವಾ ಮುಂಬೈಗೆ ಹೋಗುವುದು, ಇಲ್ಲವೇ ಫೋಟೊ ಕಳುಹಿಸಿ ಆನ್‌ಲೈನ್‌ನಲ್ಲಿ ತರಿಸುವುದು ಅನಿವಾರ್ಯ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ನೇರ ಅಳತೆಗೆ ಹೋಗಬೇಡಿ. ಕಾಲು ಇಳಿಬಿಟ್ಟು ಕುಳಿತ ಪ್ರಯಾಣದ ನಂತರ ಪಾದ ಊದಿರುತ್ತದೆ, ಊದಿದ ಪಾದಕ್ಕೆ ಕೊಂಡ ಶೂ ಊರಿಗೆ ಬಂದಾಗ ಸಡಿಲಾಗಿರುತ್ತದೆ. ಕೆಲವು ಗಂಟೆ ವಿಶ್ರಾಂತಿ ಪಡೆದು, ಸ್ವಲ್ಪ ನಡೆದಾಡಿ, ತರಗತಿಯಲ್ಲಿ ಧರಿಸುವ ಟೈಟ್ಸ್ ಮತ್ತು ಬಳಸಲಿರುವ ಬೆರಳ ಪ್ಯಾಡುಗಳೊಂದಿಗೆ ಹೋಗಿ. ಉಗುರನ್ನು ಎರಡು ಮೂರು ದಿನ ಮೊದಲೇ ನೇರವಾಗಿ ಕತ್ತರಿಸಿರಿ. ಪ್ಯಾಡಿನ ವಿಷಯದಲ್ಲಿ ಕಡಿಮೆಯೇ ಒಳಿತು: ದಪ್ಪ ಜೆಲ್ ಪ್ಯಾಡ್ ಬೆರಳಿಗೆ ಹಿತವೆನಿಸಿದರೂ ನೆಲದ ಅರಿವನ್ನು ಕಸಿದುಕೊಳ್ಳುತ್ತದೆ, ಶೂವಿನ ಅಳತೆಯನ್ನೂ ಕೆಡಿಸುತ್ತದೆ.

ಆನ್‌ಲೈನ್‌ನಲ್ಲಿ ತರಿಸುವವರು ಪಾದದ ಮೇಲೆ ಭಾರ ಹಾಕಿ ನಿಂತು ಕಾಗದದ ಮೇಲೆ ಗೆರೆ ಎಳೆಸಿಕೊಳ್ಳಬೇಕು. ಕುಳಿತು ಎಳೆದ ಗೆರೆ ಕಿರಿದಾಗುತ್ತದೆ. ಮುಂದಿನಿಂದ, ಪಕ್ಕದಿಂದ ಮತ್ತು ಡೆಮಿ-ಪಾಯಿಂಟಿನಲ್ಲಿ ತೆಗೆದ ಫೋಟೊಗಳನ್ನೂ ಜೊತೆಗೆ ಕಳುಹಿಸಬೇಕು. ಶೂ ಬಂದ ಮೇಲೆ ಗುರುಗಳು ನೋಡಿ ಒಪ್ಪುವವರೆಗೆ ಶೂವನ್ನು ಕಣಕಾಲಿಗೆ ಕಟ್ಟುವ ರಿಬ್ಬನ್ ಹೊಲಿಯಬಾರದು, ಬಾಕ್ಸನ್ನು ಬಾಗಿಲಿಗೆ ಸಿಕ್ಕಿಸಿ ಮೆತ್ತಗೆ ಮಾಡಬಾರದು, ಏಕೆಂದರೆ ಹೊಲಿದ ಶೂವನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ. ಸ್ಯಾಟಿನ್ ಕೊಳೆಯಾಗದಂತೆ ಮೇಲೊಂದು ಕಾಲುಚೀಲ ಹಾಕಿಕೊಂಡು ಚಾಪೆಯ ಮೇಲೆ ನಿಂತು ನೋಡಬಹುದು. ಇಳಕಲ್ ಗ್ರಾನೈಟ್, ಶಹಾಬಾದ್ ಕಲ್ಲು, ನುಣುಪು ಟೈಲ್ಸ್ ಇರುವ ನೆಲದ ಮೇಲೆ ಮಾತ್ರ ಏರಲು ಹೋಗಬೇಡಿ.

ರಿಬ್ಬನ್ ಕಟ್ಟುವಾಗ ಪಾದ ಕಾಲಿಗೆ ಲಂಬವಾಗಿರಬೇಕು. ಗಂಟು ಒಳಬದಿಯಲ್ಲಿ, ಹರಡಿನ ಮೂಳೆಗೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ನಡುವಿನ ತಗ್ಗಿನಲ್ಲಿ ಕೂರಬೇಕು. ರಜ್ಜುವಿನ ಮೇಲೆಯೇ ಗಂಟು ಬಿದ್ದರೆ ಪ್ರತಿ ಏರಿಕೆಯಲ್ಲೂ ಅದು ಉಜ್ಜಿ ಕೆಲವೇ ವಾರಗಳಲ್ಲಿ ಬಾವು ಬರುತ್ತದೆ.

ನಮ್ಮ ಊರಿನ ಮಳೆಗಾಲದ ಬಗ್ಗೆಯೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಅಂಟು ಮತ್ತು ಕಾಗದದಿಂದ ಮಾಡಿದ ಬಾಕ್ಸ್ ಆ ತೇವದಲ್ಲಿ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಬಾಗಲಕೋಟೆ, ವಿಜಯಪುರಗಳ ಒಣಹವೆಯಲ್ಲಿ ಮರುದಿನಕ್ಕೆ ಗಟ್ಟಿಯಾಗುವ ಶೂ ಇಲ್ಲಿ ಎರಡು ಮೂರು ದಿನವಾದರೂ ಮೆತ್ತಗೇ ಇರುತ್ತದೆ. ತರಗತಿ ಮುಗಿದೊಡನೆ ಪ್ಯಾಡು ತೆಗೆದು, ಬಾಯಿ ಅಗಲಿಸಿ, ಫ್ಯಾನಿನ ಕೆಳಗೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬಾರದು. 1993ರಲ್ಲಿ ಆರಂಭವಾದ ಗೇನರ್ ಮಿಂಡೆನ್ ಕಂಪನಿಯ ಶೂಗಳಲ್ಲಿ ಬಾಕ್ಸ್ ಮತ್ತು ಶ್ಯಾಂಕ್ ಎರಡೂ ಬಾಗುವ ಪಾಲಿಮರಿನವಾದ್ದರಿಂದ ತೇವದ ಬಾಧೆ ಕಡಿಮೆ, ಬೆಲೆ ಹೆಚ್ಚು. ಆದರೆ ಅವು ಪಾದಕ್ಕೆ ಒಗ್ಗಿ ಮೆತ್ತಗಾಗುವುದೂ ಕಡಿಮೆ, ಹಾಗಾಗಿ ಮೊದಲ ಅಳತೆಯಲ್ಲಿ ತಪ್ಪಿದರೆ ಕೊನೆಯವರೆಗೂ ತಪ್ಪೇ.

ಮೊದಲ ತಿಂಗಳುಗಳಲ್ಲಿ ತರಗತಿಯ ಕೊನೆಯ ಹತ್ತು ನಿಮಿಷ, ಎರಡೂ ಕೈ ಬಾರ್ ಮೇಲಿಟ್ಟು ಅಭ್ಯಾಸ ಮಾಡಿದರೆ ಸಾಕು. ಚರ್ಮದ ಉರಿ, ಸಣ್ಣ ಗುಳ್ಳೆ, ಮೀನಖಂಡದ ದಣಿವು ಸಹಜ. ಪಾದವನ್ನು ಚಾಚಿದಾಗ ಕಣಕಾಲಿನ ಹಿಂಭಾಗದಲ್ಲಿ ಹಿಂಡಿದಂಥ ನೋವು ಬಂದರೆ ಅಲ್ಲಿ ಎಲುಬು ಅಥವಾ ಸ್ನಾಯುರಜ್ಜು ಸಿಕ್ಕಿಕೊಳ್ಳುತ್ತಿರಬಹುದು. ಪಾದದ ಮೇಲ್ಭಾಗದಲ್ಲಿ ಎರಡನೆಯ ಬೆರಳಿನ ನೇರಕ್ಕೆ, ಕಣಕಾಲಿನ ಕಡೆಯ ತುದಿಯಲ್ಲಿ ಬೆರಳಿಟ್ಟು ಒತ್ತಿದಾಗ ನೋವಾದರೆ, ರಾತ್ರಿಯೂ ಅದು ಮಿಡಿಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕಿನ ಶಂಕೆಯಿಂದ ಅಂದೇ ಶೂ ನಿಲ್ಲಿಸಬೇಕು. ಆರಂಭದ ಎಕ್ಸ್‌-ರೇಯಲ್ಲಿ ಅದು ಕಾಣದಿರುವುದೂ ಉಂಟು, ಆಗ ಎಂಆರ್‌ಐ ಬೇಕಾಗುತ್ತದೆ. ತಪಾಸಣೆಗೆ ಬರುವವರು ಶೂಗಳನ್ನು ಒರೆಸದೆ, ಇದ್ದ ಹಾಗೆಯೇ ತರಬೇಕು. ಪ್ಲಾಟ್‌ಫಾರ್ಮಿನ ಸ್ಯಾಟಿನ್ ನಡುವೆ ಸವೆದಿದೆಯೋ, ಕಿರುಬೆರಳಿನ ಬದಿಗೆ ಸವೆದಿದೆಯೋ ಎಂಬುದರಿಂದ ಭಾರ ಎತ್ತ ಬೀಳುತ್ತಿದೆ ಎಂದು ತಿಳಿಯುತ್ತದೆ, ಮತ್ತು ಒಳಗೆ ಹೆಬ್ಬೆರಳು ಮೂಡಿಸಿದ ಗುರುತು ಆಳವಾಗಿದ್ದರೆ ಆ ಶೂ ಮೊದಲಿನಿಂದಲೂ ಅಗಲವಾಗಿತ್ತೆಂದು ಹೇಳಬಹುದು.