ಹಗುರ ಕೋವಿಗೆ ಹಗುರ ತೋಟಾ: ಬ್ರಿಟನ್ನಿನಲ್ಲಿ ಹಳೆಯ ಶಾಟ್‌ಗನ್ ಕೊಳ್ಳುವವರಿಗೆ

ನನ್ನ ರಿಪೇರಿ ಮೇಜಿನ ಮುಂದೆ ನಿಲ್ಲುವ ಹೊಸಬರ ಕೋರಿಕೆ ಬಹುಪಾಲು ಒಂದೇ ಬಗೆಯದು. ಕೋವಿ ವಾರಾಂತ್ಯದಲ್ಲಿ ಗಾಳಿಗೆ ಹಾರಿಸಿದ ಬಿಲ್ಲೆಗಳನ್ನು ಹೊಡೆಯುವ ಕ್ಲೇ ಮೈದಾನಕ್ಕೂ ಆಗಬೇಕು, ಚಳಿಗಾಲದಲ್ಲಿ ಪರಿಚಯದ ರೈತರ ಹೊಲದಂಚಿನಲ್ಲಿ ನಾಯಿಯೊಡನೆ ನಡೆದು ಕಾಡುಪಾರಿವಾಳವನ್ನೋ ಮೊಲವನ್ನೋ ಫೆಸೆಂಟ್ ಹಕ್ಕಿಯನ್ನೋ ಹೊಡೆಯುವ ರಫ್ ಶೂಟಿಂಗಿಗೂ ಆಗಬೇಕು, ದಿನವಿಡೀ ಹೊತ್ತರೂ ತೋಳು ಸೋಲಬಾರದು, ಬೆಲೆ ಸಾವಿರ ಪೌಂಡ್ ದಾಟಬಾರದು. ಈ ಬೇಡಿಕೆಗಳೆಲ್ಲ ಒಂದೇ ಕೋವಿಯಲ್ಲಿ ಈಡೇರುವುದು ಅಸಾಧ್ಯವೇನಲ್ಲ. ಬ್ರಿಟನ್ನಿನ ಹಳೆಯ ಕೋವಿಗಳ ಮಾರುಕಟ್ಟೆ ಸದ್ಯಕ್ಕೆ ಕೊಳ್ಳುವವರ ಪರವಾಗಿದೆ. ಆದರೆ ಹಗುರತನವನ್ನು ತಕ್ಕಡಿಯಲ್ಲಿ ಮಾತ್ರ ನೋಡಿ ಕೊಂಡವರು ಅದೇ ಕೋವಿಯನ್ನು ಬಹುಬೇಗ ಮಾರಲು ತರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಕೋವಿ ಎಷ್ಟು ಹಗುರವಾಗಿರಬಹುದು ಎಂಬುದನ್ನು ಅದಕ್ಕೆ ತುಂಬುವ ತೋಟಾ ನಿರ್ಧರಿಸುತ್ತದೆ; ತೋಟಾವನ್ನು ಮೊದಲು ಆರಿಸಿಕೊಂಡು, ಕೋವಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಬರ್ಮಿಂಗ್‌ಹ್ಯಾಮಿನ ಹೆಸರಾಂತ ಕೋವಿ ತಯಾರಕ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಹತ್ತೊಂಬತ್ತನೆಯ ಶತಮಾನದಲ್ಲೇ ಒಂದು ಸೂತ್ರ ಕೊಟ್ಟಿದ್ದ: ಕೋವಿಯ ತೂಕ ಚರೆಯ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳ, ತೂಕದ 96 ಪಟ್ಟಿರಬೇಕು. ಇಂದಿನ ಅಳತೆಯಲ್ಲಿ ಹೇಳುವುದಾದರೆ 24 ಗ್ರಾಂ ಚರೆಗೆ 2.3 ಕೆ.ಜಿ., 28 ಗ್ರಾಂ ಚರೆಗೆ ಸುಮಾರು 2.7 ಕೆ.ಜಿ., 32 ಗ್ರಾಂ ಚರೆಗೆ ಮೂರು ಕೆ.ಜಿ.ಗಿಂತ ತುಸು ಹೆಚ್ಚು. ಆದರೆ ಗ್ರೀನರ್ ಹೇಳಿದ್ದು ದಿನಕ್ಕೆ ಕೆಲವೇ ಈಡು ಹೊಡೆಯುವ ಬೇಟೆಗಾರನ ಲೆಕ್ಕ. ಕ್ಲೇ ಮೈದಾನದಲ್ಲಿ ಒಂದು ಬೆಳಿಗ್ಗೆ ನೂರು ಬಿಲ್ಲೆಗೆ ನೂರು ತೋಟಾ ಸುಡುವವರಿಗೆ ಇದು ಕನಿಷ್ಠ ಮಿತಿಯೇ ಹೊರತು ಗುರಿಯಲ್ಲ. ಒಂದೇ ಬಗೆಯ ತೋಟಾವನ್ನು ಸುಟ್ಟಾಗ ಒದೆತದ ಶಕ್ತಿ ಕೋವಿಯ ತೂಕಕ್ಕೆ ವಿಲೋಮವಾಗಿರುತ್ತದೆ, ಹೀಗಾಗಿ 3.3 ಕೆ.ಜಿ.ಯ ಕೋವಿಯನ್ನು ಬಿಟ್ಟು 2.7 ಕೆ.ಜಿ.ಯದನ್ನು ಹಿಡಿದರೆ ಭುಜಕ್ಕೆ ತಾಗುವ ಹೊಡೆತ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಅದೇ ಹಗುರ ಕೋವಿಯಲ್ಲಿ 28 ಗ್ರಾಂ ತೋಟಾದ ಬದಲು 24 ಗ್ರಾಮಿನದನ್ನು ಸುಟ್ಟರೆ ಒದೆತ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಇಳಿಯುತ್ತದೆ. ಸ್ಪೋರ್ಟಿಂಗ್ ಕ್ಲೇ ಪಂದ್ಯಗಳಲ್ಲಿ 28 ಗ್ರಾಂ ಮೇಲ್ಮಿತಿ. ಒಲಿಂಪಿಕ್ ಪಂದ್ಯಗಳಲ್ಲಂತೂ ಎಲ್ಲರೂ 24 ಗ್ರಾಮಿನಲ್ಲೇ ಬಿಲ್ಲೆ ಒಡೆಯುತ್ತಾರೆ. ಹೊಸಬರಿಗೆ ಅದು ಸಾಲದೆಂದು ಹೇಳುವವರ ಮಾತನ್ನು ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಒದೆತದಷ್ಟೇ ಮುಖ್ಯವಾದ ಇನ್ನೊಂದು ತೊಡಕು ಬೀಸಿನದು. ಹಗುರ ಕೋವಿ ಸಲೀಸಾಗಿ ಚಲಿಸಲು ತೊಡಗುತ್ತದೆ, ಅಷ್ಟೇ ಸಲೀಸಾಗಿ ನಿಂತುಬಿಡುತ್ತದೆ; ಹಾರುವ ಬಿಲ್ಲೆಯ ಮುಂದಕ್ಕೆ ನಳಿಗೆಯನ್ನು ಒಯ್ಯುತ್ತಿರುವಾಗ ಟ್ರಿಗರ್ ಎಳೆಯುವ ಕ್ಷಣದಲ್ಲಿ ಕೈ ತಡೆದರೆ ಈಡು ಬಿಲ್ಲೆಯ ಹಿಂದೆ ಹೋಗುತ್ತದೆ. ಹೀಗಾಗಿ ಒಟ್ಟು ತೂಕಕ್ಕಿಂತ ಆ ತೂಕ ಎಲ್ಲಿ ಕೂತಿದೆ ಎಂಬುದನ್ನು ನೋಡಬೇಕು. ಕೋವಿಯನ್ನು ಕೀಲಿನ ಹತ್ತಿರ ಬೆರಳ ಮೇಲೆ ಇಟ್ಟು ತೂಗಿದಾಗ ಸಮತೋಲ ಕೀಲಿನಲ್ಲೋ ಅದಕ್ಕಿಂತ ಒಂದು ಬೆರಳಗಲ ಮುಂದೆಯೋ ಸಿಕ್ಕರೆ ಎರಡೂ ಕೆಲಸಕ್ಕೆ ಒಗ್ಗುತ್ತದೆ. ನಳಿಗೆ 28 ಅಂಗುಲವಿದ್ದರೆ ಸಾಕು. ಎತ್ತರದವರಿಗೆ 30 ಅಂಗುಲ ಒಪ್ಪುತ್ತದೆ. 25 ಅಂಗುಲದ ಹಳೆಯ ಗಿಡ್ಡ ನಳಿಗೆಗಳು ಪೊದೆಯ ನಡುವೆ ಚೆನ್ನ, ಬಿಲ್ಲೆಗೆ ಕಷ್ಟ.

ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟು ನಳಿಗೆ ಕಿರಿದು. ಸಾಮಾನ್ಯ 12 ಬೋರಿನ ಮೇಲೆಕೆಳಗಿನ ಜೋಡುನಳಿಗೆ, ಉದಾಹರಣೆಗೆ ಬೆರೆಟ್ಟಾ ಸಿಲ್ವರ್ ಪಿಜನ್, 3.2 ಕೆ.ಜಿ.ಯ ಆಸುಪಾಸಿನಲ್ಲಿ ತೂಗುತ್ತದೆ. ಕ್ಲೇಗೆ ಇದು ಹಿತವಾದ ತೂಕ, ಒದ್ದೆ ಉಳುಮೆ ಹೊಲದಲ್ಲಿ ಅರ್ಧ ದಿನ ಹೊತ್ತರೆ ಭಾರ. ಇದಕ್ಕೆ ಪರಿಹಾರವೆಂದು ಅಲ್ಯೂಮಿನಿಯಂ ಮಿಶ್ರಲೋಹದ ಆ್ಯಕ್ಷನ್ (ನಳಿಗೆಯ ಹಿಂತುದಿಯನ್ನು ಮುಚ್ಚಿ ಹಿಡಿಯುವ ಲೋಹದ ನಡುಭಾಗ) ಇರುವ ಕೋವಿಗಳು ಬಂದವು. ಬೆರೆಟ್ಟಾ ಅಲ್ಟ್ರಾಲೈಟ್ 2.7 ಕೆ.ಜಿ.ಯಷ್ಟಿದ್ದು, ತೋಟಾದ ಹಿಂಬದಿಗೆ ಒತ್ತುಕೊಡುವ ಮುಖಕ್ಕೆ ಟೈಟೇನಿಯಂ ಫಲಕ ಕೂರಿಸಿರುತ್ತಾರೆ. ಇವು ಗಟ್ಟಿಯಾದ ಕೋವಿಗಳೇ. ಆದರೆ ಆ್ಯಕ್ಷನ್ ಹಗುರವಾಗಿ ನಳಿಗೆ ಉಕ್ಕಿನದೇ ಆದ್ದರಿಂದ ತೂಕ ಮುಂದಕ್ಕೆ ವಾಲುತ್ತದೆ. ಬೇಟೆ ಮುಕ್ಕಾಲು, ಕ್ಲೇ ಕಾಲು ಎನ್ನುವವರಿಗೆ ಸರಿ. ಲೆಕ್ಕ ತಿರುಗಮುರುಗಾದರೆ ನಾನು ಬೇಡವೆನ್ನುತ್ತೇನೆ.

ಎರಡನ್ನೂ ಸಮಸಮವಾಗಿ ಬಯಸುವವರಿಗೆ ನನ್ನ ಮೊದಲ ಸಲಹೆ ಉಕ್ಕಿನ ಆ್ಯಕ್ಷನ್ನಿನ 20 ಬೋರ್. ಬೆರೆಟ್ಟಾ, ಬ್ರೌನಿಂಗ್, ಇಟಲಿಯ ರಿಜ಼ಿನಿ ಕುಟುಂಬದ ಹಲವು ಹೆಸರಿನ ಕೋವಿಗಳು ಈ ಬೋರಿನಲ್ಲಿ 2.8ರಿಂದ 3 ಕೆ.ಜಿ.ಯೊಳಗೆ ಸಿಗುತ್ತವೆ, ಆ್ಯಕ್ಷನ್ ಚಿಕ್ಕದಾದ್ದರಿಂದ ಸಣ್ಣ ಕೈಗೂ ಹೊಂದುತ್ತವೆ. 24 ಗ್ರಾಂ ತೋಟಾ ಕ್ಲೇಗೆ, 28 ಗ್ರಾಂ ಬೇಟೆಗೆ ಎಂದು ಇಟ್ಟುಕೊಂಡರೆ ಗ್ರೀನರನ ಸೂತ್ರದೊಳಗೇ ಇದ್ದಂತಾಗುತ್ತದೆ. ಮನೆಯಲ್ಲಿ 12 ಬೋರ್ ಕೂಡ ಇದ್ದರೆ ಎರಡರ ತೋಟಾಗಳು ಎಂದೂ ಒಂದೇ ಚೀಲ ಸೇರಬಾರದು. 20 ಬೋರಿನ ತೋಟಾ 12ರ ಚೇಂಬರಿನೊಳಗೆ, ಅಂದರೆ ತೋಟಾ ಕೂರುವ ನಳಿಗೆಯ ಹಿಂಭಾಗದೊಳಗೆ, ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿಯೆಂದು ಭಾವಿಸಿ ಹಿಂದಿನಿಂದ 12ರ ತೋಟಾ ತುಂಬಿ ಸುಟ್ಟರೆ ನಳಿಗೆ ಸಿಡಿಯುತ್ತದೆ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಬಂದದ್ದು ಇದೇ ಕಾರಣಕ್ಕೆ.

ಅಗ್ಗದ ಕೋವಿಗಳ ಪೈಕಿ ಸ್ಪೇನಿನ ಬಾಸ್ಕ್ ನಾಡಿನ ಲ್ಯಾನ್‌ಬರ್ ಪ್ರಾಮಾಣಿಕ ಕೋವಿ, ಆದರೆ ಕಂಪನಿ ಈಗಿಲ್ಲದಿರುವುದರಿಂದ ಬಿಡಿಭಾಗಕ್ಕೆ ಹುಡುಕಾಡಬೇಕು. ರಷ್ಯಾದ ಬೈಕಾಲ್ ಗಟ್ಟಿಮುಟ್ಟು, ಹಗುರವಂತೂ ಅಲ್ಲ. ಈಡಿನ ಅನಿಲದಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ಸೆಮಿ ಆಟೊ ಕೋವಿಗಳಲ್ಲಿ ಒದೆತ ಹರಡಿಕೊಂಡು ಮೃದುವಾಗುತ್ತದೆ, ಬೆಲೆಯೂ ಕಡಿಮೆ; ಭುಜದ ನೋವಿರುವವರು ಸಂಕೋಚಪಡದೆ ಕೊಳ್ಳಬಹುದು. ಸಾಮಾನ್ಯ ಶಾಟ್‌ಗನ್ ಪರವಾನಗಿಯಲ್ಲಿ ಇಟ್ಟುಕೊಳ್ಳಬೇಕಾದರೆ ಅದರ ಮ್ಯಾಗಜ಼ೀನ್ ಎರಡು ತೋಟಾಕ್ಕಿಂತ ಹೆಚ್ಚು ಹಿಡಿಯಬಾರದು.

ಮನಸ್ಸು ಸೆಳೆಯುವುದು ಮಾತ್ರ ಅಕ್ಕಪಕ್ಕದ ಜೋಡುನಳಿಗೆ. 1979ರಲ್ಲಿ ಶಾಟ್‌ಗನ್ ತಯಾರಿಕೆ ನಿಲ್ಲಿಸಿದ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಆ್ಯಂಡ್ ಸ್ಕಾಟ್‌ನ 700 ಸರಣಿ, ಸ್ಪೇನಿನ ಎಯ್ಬಾರ್ ಊರಿನ ‘ಆಯಾ’ ಎಂಬ ಕಂಪನಿಯ ನಂಬರ್ 4 ಮತ್ತು ಯೋಮನ್, ಇವೆಲ್ಲ ಮೂರು ಕೆ.ಜಿ.ಯ ಒಳಗೇ ತೂಗುವ ಸೊಗಸಾದ ಬಾಕ್ಸ್‌ಲಾಕ್ (ಸಿಡಿಸುವ ಯಂತ್ರ ಆ್ಯಕ್ಷನ್ನಿನೊಳಗೇ ಇರುವ) ಕೋವಿಗಳು. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಕೋವಿ ನೋಡಿ ಬೆಳೆದವರ ಕೈ ತಾನಾಗಿಯೇ ಇವುಗಳತ್ತ ಹೋಗುತ್ತದೆ. ಹಿಂದೆ ಇವುಗಳಿಗಿದ್ದ ಬೆಲೆ ಈಗಿಲ್ಲ. ಅದಕ್ಕೆ ಅಭಿರುಚಿ ಬದಲಾದದ್ದು ಒಂದು ಕಾರಣವಾದರೆ, ಸೀಸದ ಚರೆಯ ಮೇಲಿನ ನಿಷೇಧ ಇನ್ನೊಂದು ಕಾರಣ, ಮತ್ತು ಕೊಳ್ಳುವ ಮುನ್ನ ಈ ಎರಡನೆಯದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಬಾತು, ಹೆಬ್ಬಾತುಗಳಿಗೆ ಸೀಸದ ಚರೆ ಬಳಸುವುದನ್ನು 1999ರಲ್ಲೇ ನಿಷೇಧಿಸಲಾಗಿತ್ತು. 2025ರ ಜುಲೈನಲ್ಲಿ ಸರ್ಕಾರ ಈ ನಿರ್ಬಂಧವನ್ನು ಗ್ರೇಟ್ ಬ್ರಿಟನ್ನಿನ ಬಹುತೇಕ ಎಲ್ಲ ಶಾಟ್‌ಗನ್ ಬಳಕೆಗೂ ವಿಸ್ತರಿಸುವುದಾಗಿ ಘೋಷಿಸಿ, ಮೂರು ವರ್ಷದ ಪರಿವರ್ತನೆಯ ಅವಧಿ ಕೊಟ್ಟಿತು. ಇಂದು ಕೊಳ್ಳುವ ಕೋವಿ ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಉಕ್ಕಿನ ಚರೆಯೊಡನೆ ಕಳೆಯಲಿದೆ ಎಂದೇ ತಿಳಿದು ವ್ಯವಹಾರ ಮಾಡಬೇಕು. ಉಕ್ಕು ಸೀಸದಂತೆ ಮಣಿಯುವುದಿಲ್ಲ. ಬಿಗಿಯಾದ ಚೋಕಿನ (ನಳಿಗೆಯ ತುದಿಯಲ್ಲಿ ಕಿರಿದಾಗಿಸಿದ ಭಾಗದ) ಮೂಲಕ ಹಾಯುವಾಗ ನಳಿಗೆಯ ತುದಿಯನ್ನು ಉಬ್ಬಿಸಬಹುದು. ಆದ್ದರಿಂದ ಅರ್ಧ ಚೋಕ್ ಅಥವಾ ಅದಕ್ಕಿಂತ ಸಡಿಲವಾದದ್ದು ಬೇಕು. ಹಳೆಯ ಬೇಟೆ ಕೋವಿಗಳ ಎಡ ನಳಿಗೆ ಹಲವು ಬಾರಿ ಮುಕ್ಕಾಲು ಅಥವಾ ಪೂರ್ಣ ಚೋಕಿನದಾಗಿರುತ್ತದೆ. ಗನ್‌ಸ್ಮಿತ್ ಅದನ್ನು ಸಡಿಲಿಸಿಕೊಡಬಲ್ಲ, ಆ ಖರ್ಚನ್ನು ಬೆಲೆಗೆ ಸೇರಿಸಿ ಚೌಕಾಸಿ ಮಾಡಿ. 70 ಮಿ.ಮೀ. ಚೇಂಬರ್, ನೈಟ್ರೋ ಪ್ರೂಫ್ (ಹೊಗೆರಹಿತ ಮದ್ದಿನ ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತಿದ ಮುದ್ರೆ), ಒಳ್ಳೆಯ ಸ್ಥಿತಿ, ಈ ಮೂರೂ ಇರುವ ಕೋವಿಯಲ್ಲಿ ಸ್ಟ್ಯಾಂಡರ್ಡ್ ದರ್ಜೆಯ ಉಕ್ಕಿನ ತೋಟಾ ಸುಡಬಹುದು. ಹೈ ಪರ್ಫಾರ್ಮೆನ್ಸ್ ದರ್ಜೆಯದಕ್ಕೆ ನಳಿಗೆಯ ಮೇಲೆ ಫ್ಲರ್ ಡಿ ಲಿ ಎಂಬ ಹೂವಿನ ಮುದ್ರೆ ಕಡ್ಡಾಯ.

ಹಳೆಯ ಇಂಗ್ಲಿಷ್ ಕೋವಿಗಳ ಚೇಂಬರ್ ಬಹಳಷ್ಟು ಸಲ ಎರಡೂವರೆ ಅಂಗುಲ, ಅಂದರೆ 65 ಮಿ.ಮೀ. ಇಲ್ಲಿ ಮೋಸಹೋಗುವುದು ಸುಲಭ. ತೋಟಾದ ಮೇಲೆ ಬರೆದ ಉದ್ದ ಸುಟ್ಟ ನಂತರ ಬಾಯಿ ಬಿಚ್ಚಿಕೊಂಡ ಕವಚದ ಉದ್ದ; ಸುಡದ 70 ಮಿ.ಮೀ. ತೋಟಾ ಚಿಕ್ಕ ಚೇಂಬರಿನೊಳಗೆ ಯಾವ ಅಡ್ಡಿಯೂ ಇಲ್ಲದೆ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಸುಟ್ಟಾಗ ಕವಚದ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಹಾಗಾಗಿ ತೋಟಾ ಹಿಡಿಸಿತು ಎಂಬುದು ಸಾಕ್ಷಿಯಲ್ಲ. ನಳಿಗೆಯ ಅಡಿಯ ಚಪ್ಪಟೆ ಭಾಗದ ಮೇಲಿನ ಮುದ್ರೆಯೇ ಸಾಕ್ಷಿ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ಗಳು ಚೇಂಬರಿನ ಉದ್ದ, ಬೋರಿನ ಅಳತೆ, ತಾಳುವ ಒತ್ತಡವನ್ನು ಅಲ್ಲಿ ಅಚ್ಚೊತ್ತಿರುತ್ತವೆ. ಬರ್ಮಿಂಗ್‌ಹ್ಯಾಮಿನದು 1813ರಿಂದ ಈ ಕೆಲಸ ನಡೆಸುತ್ತಿರುವ ಸಂಸ್ಥೆ. 1868ರ ಕಾಯ್ದೆಯ ಪ್ರಕಾರ ಪ್ರೂಫ್ ಮೀರಿದ ಕೋವಿಯನ್ನು ಮಾರುವುದು ಅಂಗಡಿಯವನಿಗಷ್ಟೇ ಅಲ್ಲ, ಖಾಸಗಿ ವ್ಯಕ್ತಿಗೂ ಅಪರಾಧ. ಒಳಗಿನ ತುಕ್ಕಿನ ಕುಳಿಗಳನ್ನು ಉಜ್ಜಿ ತೆಗೆದಾಗ ಬೋರ್ ಹಿಗ್ಗುತ್ತದೆ. ಅದು ಅಚ್ಚಾದ ಅಳತೆಗಿಂತ ನಿಗದಿತ ಮಿತಿ ಮೀರಿದರೆ, ನಳಿಗೆ ಎಷ್ಟೇ ಹೊಳೆಯುತ್ತಿದ್ದರೂ, ಪ್ರೂಫ್ ಹೋದಂತೆಯೇ. 12 ಬೋರಿನ ಮೂಲ ಅಳತೆ 18.5 ಮಿ.ಮೀ., ಅಳೆಯುವ ಜಾಗ ಹಿಂತುದಿಯಿಂದ 9 ಅಂಗುಲ ಮುಂದೆ. ಬೋರ್ ಗೇಜ್ ಮತ್ತು ಗೋಡೆಯ ದಪ್ಪ ಅಳೆಯುವ ಗೇಜ್ ಇಲ್ಲದ ಮಾರಾಟಗಾರನ ಬಳಿ ಹಳೆಯ ಅಕ್ಕಪಕ್ಕದ ಕೋವಿ ಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯ. ಗೋಡೆಯ ಅತಿ ತೆಳುವಾದ ಜಾಗದಲ್ಲಿ ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಇಪ್ಪತ್ತು ಭಾಗ, ಅಂದರೆ ಅರ್ಧ ಮಿ.ಮೀ., ಇರಲೇಬೇಕು.

ಉಳಿದ ಪರೀಕ್ಷೆಗೆ ಕಣ್ಣು, ಕಿವಿ, ಕೈ ಸಾಕು. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ನಳಿಗೆಯ ಅಡಿಯ ಮುಂಗೈ ಮರವನ್ನು ಕಳಚಿ, ಮುಚ್ಚಿದ ಸ್ಥಿತಿಯಲ್ಲಿ ಹಿಡಿದು ಅಲುಗಿಸಿ. ಮರ ಇದ್ದಾಗ ಅಡಗಿದ್ದ ಸಡಿಲು ಆಗ ಬೆರಳಿಗೆ ತಿಳಿಯುತ್ತದೆ. ನಳಿಗೆಯ ಹಿಂತುದಿಗೂ ಆ್ಯಕ್ಷನ್ ಮುಖಕ್ಕೂ ನಡುವೆ ಬೆಳಕು ಕಂಡರೆ ಕೀಲು ಸವೆದಿದೆ ಎಂದರ್ಥ. ಇದನ್ನು ಸರಿಪಡಿಸಬಹುದು, ಅಗ್ಗದ ಕೋವಿಗೆ ಆ ಖರ್ಚು ದಕ್ಕುವುದಿಲ್ಲ. ಮೇಲಿನ ಲಿವರ್ ಮುಚ್ಚಿದಾಗ ನಡುವಿಗಿಂತ ತುಸು ಬಲಕ್ಕೆ ನಿಂತರೆ ಸವೆತಕ್ಕೆ ಇನ್ನೂ ಅವಕಾಶವಿದೆ, ಎಡಕ್ಕೆ ದಾಟಿದ್ದರೆ ಮುಗಿದಿದೆ. ನಳಿಗೆಗಳನ್ನು ಬಿಡಿಸಿ ಕೊಕ್ಕೆಯಿಂದ ತೂಗಿಸಿ ಉಗುರಿನಿಂದ ತಟ್ಟಿದರೆ ದೇವಸ್ಥಾನದ ಗಂಟೆಯಂತೆ ದನಿ ಎಳೆಯಬೇಕು. ಮೊದ್ದು ಸದ್ದು ಬಂದರೆ ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಎಲ್ಲೋ ಬಿಟ್ಟಿದೆ. ಬೆಳಕಿನ ಕಡೆ ಹಿಡಿದು ಒಳಗೆ ನೋಡಿದಾಗ ನೆರಳಿನ ಉಂಗುರಗಳು ದುಂಡಗಿರಬೇಕು, ತಗ್ಗಿರುವ ಕಡೆ ಅವು ಸೊಟ್ಟಗಾಗುತ್ತವೆ. ಆ್ಯಕ್ಷನ್ನಿನ ಹಿಂಭಾಗದಲ್ಲಿ ಮರ ಲೋಹವನ್ನು ಸೇರುವಲ್ಲಿ ಕೂದಲೆಳೆಯ ಸೀಳು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಹಗುರ ಕೋವಿಗಳಲ್ಲಿ ಸೀಳು ಮೊದಲು ಕಾಣಿಸುವುದು ಅಲ್ಲಿಯೇ. ಹೊಸದಾಗಿ ಕಪ್ಪು ಬಣ್ಣ ಏರಿಸಿದ ನಳಿಗೆಯನ್ನು ಕಂಡರೆ ನಾನು ಎರಡು ಪಟ್ಟು ಹೊತ್ತು ನೋಡುತ್ತೇನೆ.

ಅಳತೆಯ ವಿಷಯ. ಬ್ರಿಟಿಷ್ ಕೋವಿಗಳಲ್ಲಿ ಭುಜಕ್ಕಾನಿಸುವ ಮರ ಸಾಮಾನ್ಯವಾಗಿ ಟ್ರಿಗರಿನಿಂದ ಹದಿನಾಲ್ಕೂವರೆ ಅಂಗುಲದ ಸುತ್ತಮುತ್ತ ಇರುತ್ತದೆ, ನಮ್ಮವರಲ್ಲಿ ಅನೇಕರಿಗೆ ಇದು ಉದ್ದ. ಉದ್ದದ ಮರವನ್ನು ಕತ್ತರಿಸುವುದು ಸುಲಭ, ಆದರೆ ಕತ್ತರಿಸಿದಾಗ ಸಮತೋಲ ಮುಂದಕ್ಕೆ ಸರಿಯುತ್ತದೆ ಎಂಬುದು ನೆನಪಿರಲಿ. ಬಲಗೈಯವರಾಗಿದ್ದೂ ಎಡಗಣ್ಣು ಮೇಲುಗೈಯಾಗಿರುವವರು ಕೋವಿ ಕೊಳ್ಳುವ ಮೊದಲು ತರಬೇತುದಾರರ ಬಳಿ ಹೋಗಬೇಕು.

ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡಿಟ್ಟು ಗೆದ್ದವರೂ ಪೊಲೀಸರಿಂದ ಐದು ವರ್ಷದ ಶಾಟ್‌ಗನ್ ಪ್ರಮಾಣಪತ್ರ ಪಡೆಯಬೇಕು, ಮನೆಯಲ್ಲಿ ಕೋವಿ ಬೇರೆಯವರ ಕೈಗೆ ಸಿಗದಂತೆ ಭದ್ರಪಡಿಸಬೇಕು. ಕೋವಿ ಕೈಬದಲಾದ ಏಳು ದಿನದೊಳಗೆ ಪೊಲೀಸರಿಗೆ ತಿಳಿಸುವ ಹೊಣೆ ಕೊಟ್ಟವರಿಗೂ ಪಡೆದವರಿಗೂ ಇದೆ. ರಫ್ ಶೂಟಿಂಗಿಗೆ ಭೂಮಾಲೀಕರ ಅನುಮತಿ ಬೇಕು, ಅದು ಬರಹದಲ್ಲಿದ್ದರೆ ಒಳ್ಳೆಯದು. ಫೆಸೆಂಟಿನ ಋತು ಅಕ್ಟೋಬರ್ 1ರಿಂದ ಫೆಬ್ರುವರಿ 1ರವರೆಗೆ ಮಾತ್ರ. ಪೊಲೀಸ್ ಅನುಮೋದನೆಯಿರುವ ಕ್ಲೇ ಮೈದಾನಗಳಲ್ಲಿ ಪ್ರಮಾಣಪತ್ರವಿಲ್ಲದವರೂ ಅಲ್ಲಿನ ಕೋವಿಯಿಂದ ಬಿಲ್ಲೆ ಹೊಡೆಯಬಹುದು. ಪ್ರಮಾಣಪತ್ರಕ್ಕಾಗಿ ಕಾಯುವ ತಿಂಗಳುಗಳಲ್ಲಿ 12 ಮತ್ತು 20 ಬೋರ್ ಎರಡನ್ನೂ ಇಂಥ ಕಡೆ ಬಾಡಿಗೆಗೆ ಪಡೆದು ಹೋಲಿಸಿ ನೋಡಿ.

ಕೋವಿ ಮನಸ್ಸಿಗೆ ಬಂದ ಮೇಲೂ ಹಣ ಕೊಡುವ ಮುನ್ನ ಅದನ್ನು ಮೈದಾನದಲ್ಲಿ ಚರೆ ಹರಡುವ ಬಗೆಯನ್ನು ತೋರಿಸುವ ಪ್ಯಾಟರ್ನ್ ಫಲಕದ ಎದುರು ಸುಟ್ಟು ನೋಡಲು ಕೇಳಿ. ಒಳ್ಳೆಯ ಅಂಗಡಿಯವರು ಒಪ್ಪುತ್ತಾರೆ. 16 ಗಜದಿಂದ ಒಂದೇ ಗುರಿಗೆ ಎರಡೂ ನಳಿಗೆಯಿಂದ ಕೆಲವು ಈಡು ಹೊಡೆದರೆ ಮರ ನಿಮಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಆಮೇಲೆ 30 ಗಜಕ್ಕೆ ಹಿಂದೆ ಸರಿದು, ನೀವು ಮುಂದೆ ಬಳಸಲಿರುವ ಉಕ್ಕಿನ ತೋಟಾದಿಂದಲೇ ಸುಟ್ಟು, 30 ಅಂಗುಲದ ವೃತ್ತದೊಳಗೆ ಚರೆ ಸಮನಾಗಿ ಹರಡಿದೆಯೇ ಎಂದು ನೋಡಿ. ಎರಡು ನಳಿಗೆಯ ಹೊಡೆತಗಳ ನಡುಬಿಂದು ಅಂಗೈ ಅಗಲಕ್ಕಿಂತ ದೂರ ದೂರ ಬಿದ್ದರೆ ಕೋವಿಯನ್ನು ಕಪಾಟಿಗೆ ಮರಳಿಸಿ, ಪಕ್ಕದಲ್ಲಿರುವುದನ್ನು ತೋರಿಸಲು ಹೇಳಿ.